ರಾಯಚೂರು ಕಡೆಯ ಕನ್ನಡಕ್ಕೆ ವ್ಯಾಕರಣವೇ ಇಲ್ಲವೇ? ‘ಮಾಡ್ಯಾನ’, ‘ಬಂದಾನ’ ಹೇಳುವ ಸತ್ಯ

‘ಜಪಾನಿ ಭಾಷೆ ಎಷ್ಟು ಶಿಸ್ತಿನದು ನೋಡಿ, ಕ್ರಿಯಾಪದಗಳೆಲ್ಲ ಮೂರೇ ಗುಂಪು. ನಮ್ಮ ಹಳ್ಳಿ ಕನ್ನಡಕ್ಕೆ ಹಿಂದಿಲ್ಲ ಮುಂದಿಲ್ಲ.’ ಈ ಧಾಟಿಯ ಸಂದೇಶ ನಿಮ್ಮ ಮೊಬೈಲಿಗೂ ಬಂದಿದ್ದರೆ, ಫಾರ್ವರ್ಡ್ ಮಾಡುವ ಮುನ್ನ ಇದನ್ನು ಓದಿ.

ಮೊದಲ ಮಾತು ನಿಜ. ಜಪಾನಿಯಲ್ಲಿ ‘ತಬೆರು’ ಎಂದರೆ ತಿನ್ನು. ‘ರು’ ತೆಗೆದು ‘ತ’ ಸೇರಿಸಿದರೆ ‘ತಬೆತ’, ಅಂದರೆ ತಿಂದ. ಇದೊಂದು ಗುಂಪು. ಇನ್ನೊಂದು ಗುಂಪಿನಲ್ಲಿ ಧಾತುವಿನ ಕೊನೆಯೇ ಬದಲಾಗುತ್ತದೆ: ‘ನೊಮು’ (ಕುಡಿ) ‘ನೊಂದ’ ಆಗುತ್ತದೆ. ಮೂರನೆಯದರಲ್ಲಿ ಮುಖ್ಯವಾಗಿ ಎರಡೇ ಪದ, ‘ಸುರು’ (ಮಾಡು) ಮತ್ತು ‘ಕುರು’ (ಬರು). ಆದರೆ ಅಲ್ಲೂ ತೊಡಕಿದೆ. ‘ಕಿರು’ ಎಂದರೆ ತೊಡು ಎಂದಾದರೆ ‘ಕಿತ’, ಕತ್ತರಿಸು ಎಂದಾದರೆ ‘ಕಿತ್ತ’. ಪದ ನೋಡಿದರೆ ಗುಂಪು ತಿಳಿಯದು.

ಈಗ ಕನ್ನಡಕ್ಕೆ ಬನ್ನಿ. ‘ಎ’, ‘ಇ’ಯಿಂದ ಮುಗಿಯುವ ಬಹಳಷ್ಟು ಧಾತುಗಳಿಗೆ ‘ದ’ ಸೇರುತ್ತದೆ: ಕರೆ–ಕರೆದ, ಕುಡಿ–ಕುಡಿದ. ‘ಉ’ಕಾರದಿಂದ ಮುಗಿಯುವ ಬಹಳಷ್ಟಕ್ಕೆ ‘ಇದ’: ಮಾಡು–ಮಾಡಿದ, ಹೇಳು–ಹೇಳಿದ. ಹಾಗಾದರೆ ಕೊಡು ಯಾಕೆ ‘ಕೊಡಿದ’ ಆಗಲಿಲ್ಲ? ಇಲ್ಲೇ ಸ್ವಾರಸ್ಯ ಇರುವುದು. ಕೊಡು, ಬಿಡು, ಇಡು, ಸುಡು, ತೊಡು, ನೆಡು: ಎಲ್ಲದರಲ್ಲೂ ಮೊದಲ ಸ್ವರ ಹ್ರಸ್ವ, ಎಲ್ಲವೂ ‘ಟ್ಟ’ ಆಗುತ್ತವೆ. ಮಾಡು, ಓಡು, ಬೇಡು, ನೀಡು, ಕೂಡು: ಮೊದಲ ಸ್ವರ ದೀರ್ಘ, ಎಲ್ಲವೂ ‘ಡಿದ’. ಕೊಡು–ಕೊಟ್ಟ, ಕೂಡು–ಕೂಡಿದ. ಶಾಲೆಯಲ್ಲಿ ನಮಗೆ ಇದನ್ನು ಯಾರೂ ಹೇಳಿಕೊಡಲಿಲ್ಲ, ಆದರೂ ಬಾಯಿ ತಪ್ಪಲಿಲ್ಲ. ಬರು–ಬಂದ, ನಗು–ನಕ್ಕ, ಅಳು–ಅತ್ತ ಇಂಥವನ್ನು ಮಾತ್ರ ಬೇರೆಯಾಗಿ ಕಲಿಯಬೇಕು. ಧಾತುಗಳ ಲೆಕ್ಕ ಇಡುವುದು ಕನ್ನಡಕ್ಕೆ ಹೊಸದೂ ಅಲ್ಲ. 13ನೇ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಅವಕ್ಕೆಂದೇ ಒಂದು ಪ್ರಕರಣ ಇಟ್ಟಿದ್ದಾನೆ.

ಇನ್ನು ‘ಹಳ್ಳಿ ಕನ್ನಡ’. ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆ ‘ಮಾಡ್ಯಾನ, ಹೇಳ್ಯಾನ, ಓಡ್ಯಾನ’ ಅನ್ನುತ್ತಾರೆ. ಆದರೆ ‘ಕೊಟ್ಟಾನ, ಬಂದಾನ, ತಿಂದಾನ’. ‘ಕೊಡ್ಯಾನ’ ಅಂತ ಯಾರಾದರೂ ಅಂದದ್ದನ್ನು ಕೇಳಿದ್ದೀರಾ? ಸಾಮಾನ್ಯವಾಗಿ ‘ಇದ’ ಪಡೆಯುವ ಗುಂಪಿಗೆ ‘ಯಾ’ ಬರುತ್ತದೆ, ಉಳಿದ ಹೆಚ್ಚಿನವಕ್ಕಿಲ್ಲ. ಪುಸ್ತಕದ ಕನ್ನಡದ ಗುಂಪುಗಳೇ ಇವು. ಹಾಗಾಗಿ ಸಂದೇಶದ ಎರಡನೇ ಮಾತು ಸುಳ್ಳು.

ಹಾಗಂತ ‘ನೊಂದ’, ‘ಕಿತ್ತ’ ನೋಡಿ ಜಪಾನಿ ಕನ್ನಡದ ತಂಗಿ ಎಂದು ಇನ್ನೊಂದು ಫಾರ್ವರ್ಡ್ ಹುಟ್ಟಿಸಬೇಡಿ! ನಮ್ಮ ‘ನೊಂದ’ ನೋವಿನದು, ಅವರದು ಕುಡಿಯುವುದು. ತಮಿಳಿಗೂ ಜಪಾನಿಗೂ ನಂಟಿದೆ ಎಂದು ಜಪಾನಿನ ವಿದ್ವಾಂಸ ಸುಸುಮು ಓನೊ ವಾದಿಸಿದ್ದರು. ಹೆಚ್ಚಿನ ಭಾಷಾವಿಜ್ಞಾನಿಗಳು ಅದನ್ನು ಒಪ್ಪಿಲ್ಲ.

ಇದೆಲ್ಲ ಬರೀ ಕುತೂಹಲದ ವಿಷಯವಲ್ಲ. ಈ ಸೀಮೆಯಲ್ಲಿ ಒಂದೇ ಭಾಷೆ ಇದ್ದ ಕಾಲ ಕಡಿಮೆ. 1915ರಲ್ಲಿ ಬೆಳಕಿಗೆ ಬಂದ ಮಸ್ಕಿಯ ಅಶೋಕನ ಶಾಸನ ಕೂಡ ಪ್ರಾಕೃತದಲ್ಲಿದೆ. ಇಂದು ಸಿಂಧನೂರಿನ ಸುತ್ತ, ಪೂರ್ವ ಪಾಕಿಸ್ತಾನದಿಂದ ಬಂದವರ ಪುನರ್ವಸತಿ ಕ್ಯಾಂಪುಗಳಲ್ಲಿ ಬಂಗಾಳಿ, ತುಂಗಭದ್ರಾ ಕಾಲುವೆ ನೀರು ಹಿಡಿದು ಬಂದ ರೈತರ ಕ್ಯಾಂಪುಗಳಲ್ಲಿ ತೆಲುಗು, ತಾಂಡಾಗಳಲ್ಲಿ ಲಂಬಾಣಿ ಮಾತು. ಅಲ್ಲಿಂದ ಶಾಲೆಗೆ ಬಂದ ಮಗು ‘ಸರ್, ಅವನು ಪೆನ್ನು ಕೊಡಿದ’ ಎಂದರೆ ತರಗತಿ ನಗುತ್ತದೆ, ಮಗು ಬಾಯಿ ಮುಚ್ಚುತ್ತದೆ. ಆದರೆ ಆ ಮಗು ‘ಮಾಡಿದ, ಓಡಿದ’ ಕೇಳಿ ನಿಯಮವನ್ನು ತಾನೇ ಹೆಕ್ಕಿಕೊಂಡಿದೆ, ಪಕ್ಕದ ಗುಂಪಿಗೆ ಹಚ್ಚಿದೆ ಅಷ್ಟೇ. ಮನೆಯಲ್ಲಿ ಕನ್ನಡವೇ ಆಡುವ ಚಿಕ್ಕ ಮಕ್ಕಳೂ ಇಂಥ ತಪ್ಪು ಮಾಡುತ್ತಾರೆ, ಅವರನ್ನು ನಾವು ಮುದ್ದು ಮಾಡುತ್ತೇವೆ. ‘ತಪ್ಪು’ ಎನ್ನುವ ಬದಲು ಬೋರ್ಡಿನ ಮೇಲೆ ‘ಕೊಡು–ಕೊಟ್ಟ, ಬಿಡು–ಬಿಟ್ಟ, ಸುಡು–?’ ಎಂದು ಬರೆದರೆ, ಮುಂದಿನದನ್ನು ಅದೇ ಮಗು ಹೇಳುತ್ತದೆ.