ವಾಯಿದೆಯಿಲ್ಲದ ಕೈಗಡ

ಯಾದಗಿರಿಯ ಹತ್ತಿಹೊಲಕ್ಕೂ ವಾಷಿಂಗ್ಟನ್ನಿನ ಶ್ವೇತಭವನಕ್ಕೂ ಏನು ನಂಟು ಎಂದು ಕೇಳುವ ಕಾಲ ಕಳೆದುಹೋಯಿತು. ೨೦೨೫ರ ಆಗಸ್ಟ್ ೭ರಂದು ಭಾರತದ ಸರಕುಗಳ ಮೇಲೆ ಅಮೆರಿಕವು ಶೇಕಡಾ ೨೫ರಷ್ಟು ಹೆಚ್ಚುವರಿ ಸುಂಕ ಹೇರಿತು. ಅದೇ ತಿಂಗಳ ೨೭ರಂದು ಮತ್ತೂ ಶೇಕಡಾ ೨೫ ಸೇರಿ ಅದು ೫೦ ಆಯಿತು. ಮೊದಲನೆಯದಕ್ಕೆ ವ್ಯಾಪಾರದಲ್ಲಿ ಅಮೆರಿಕಕ್ಕೆ ಆಗುತ್ತಿರುವ ಕೊರತೆಯೂ, ಎರಡನೆಯದಕ್ಕೆ ಭಾರತವು ರಷ್ಯದಿಂದ ತೈಲ ಕೊಳ್ಳುತ್ತಿರುವುದೂ ಕಾರಣವೆಂದು ಅಧ್ಯಕ್ಷರ ಆಜ್ಞೆಗಳು ಸಾರಿದವು. ತಿರುಪ್ಪೂರಿನ ಉಡುಪಿನ ಕಾರ್ಖಾನೆಗಳಲ್ಲಿ ಕಳವಳ ಹುಟ್ಟಿತು. ಜವಳಿ ಉದ್ಯಮಕ್ಕೆ ಆಸರೆಯಾಗಲೆಂದು ಭಾರತ ಸರ್ಕಾರವು ವಿದೇಶೀ ಹತ್ತಿಯ ಮೇಲಿದ್ದ ಶೇಕಡಾ ೧೧ರ ಆಮದು ಸುಂಕವನ್ನು ಆಗಸ್ಟ್ ೧೯ರಿಂದ ಕೈಬಿಟ್ಟಿತು. ಸೆಪ್ಟೆಂಬರ್ ಅಂತ್ಯಕ್ಕೆ ಮುಗಿಯಬೇಕಾಗಿದ್ದ ಈ ವಿನಾಯಿತಿಯನ್ನು ಡಿಸೆಂಬರ್ ೩೧ರವರೆಗೆ ಬೆಳೆಸಿತು.

ಯಾದಗಿರಿ, ಶಹಾಪುರ, ಸುರಪುರಗಳ ಸೀಮೆಯಲ್ಲಿ ಹತ್ತಿ ಬಿಡಿಸಿ ಪೇಟೆಗೆ ತರುವ ಕಾಲವೂ ಅದೇ. ಮಧ್ಯಮ ಎಳೆಯ ಹತ್ತಿಗೆ ೨೦೨೫-೨೬ರ ಸಾಲಿನಲ್ಲಿ ಕ್ವಿಂಟಲಿಗೆ ೭,೭೧೦ ರೂಪಾಯಿ ಬೆಂಬಲ ಬೆಲೆ ಗೊತ್ತಾಗಿತ್ತು, ನಿಜ. ಆದರೆ ಬೀಜ-ಗೊಬ್ಬರದ ಸಾಲ ತೀರಿಸಬೇಕಾದ ಸಣ್ಣ ರೈತನಿಗೆ ಖರೀದಿ ಕೇಂದ್ರದ ಬಾಗಿಲಲ್ಲಿ ಕಾಯುವಷ್ಟು ಪುರುಸೊತ್ತು ಎಲ್ಲಿಯದು? ಸಹಿ ಬಿದ್ದದ್ದು ಸಪ್ತಸಾಗರಗಳ ಆಚೆ; ಅಳುಕು ಹುಟ್ಟಿದ್ದು ಭೀಮೆಯ ದಂಡೆಯಲ್ಲಿ.

ಯಾದಗಿರಿಯ ನೆರೆಯ ಮುದನಾಳದ ಹೆಸರು ರಾಜಕಾರಣಕ್ಕೆ ಅಪರಿಚಿತವಲ್ಲ. ೨೦೧೮ರಲ್ಲಿ ಯಾದಗಿರಿ ಕ್ಷೇತ್ರದಿಂದ ವಿಧಾನಸಭೆಗೆ ಆರಿಸಿಬಂದ ವೆಂಕಟರೆಡ್ಡಿಯವರ ಹೆಸರಿನೊಡನೆ ಈ ಊರಿನ ಹೆಸರೂ ಸೇರಿಕೊಂಡಿತ್ತು. ಇಂಥ ಊರುಗಳ ಪದವೀಧರ ಯುವಕರು ಇಂದು ಅಮೆರಿಕದ ರಾಜಕೀಯವನ್ನು ಅಂಗೈಯ ಮೊಬೈಲಿನಲ್ಲಿಯೇ ಕಾಣುತ್ತಾರೆ. ಕಂಡು ಅವರು ಆಡುವ ಮಾತುಗಳಲ್ಲಿ ಭಕ್ತಿ ಕಡಮೆ, ಸಂಶಯ ಹೆಚ್ಚು. ಇದು ಒಳ್ಳೆಯ ಲಕ್ಷಣವೇ. ಆದರೆ ಸಂಶಯವು ಎರಡು ದಾರಿ ಹಿಡಿಯಬಹುದು. ಒಂದು ಪ್ರಶ್ನೆಯ ಕಡೆಗೆ ಹೋಗುತ್ತದೆ, ಇನ್ನೊಂದು ನಿರಾಶೆಯ ಕಡೆಗೆ. “ಸರ್ಕಾರ ಅನ್ನೂದು ಎಲ್ಲಿದ್ರೂ ಒಂದ ಕಾಕಾ, ಕಾಗದದಾಗ ಏನ್ ಬರ್ದಿದ್ರೇನು?” ಎಂದು ಚಹದ ಅಂಗಡಿಯ ಕಟ್ಟೆಯ ಮೇಲೆ ಕುಳಿತ ತರುಣನು ಹೇಳುವುದುಂಟು. ಅದಕ್ಕೆ ವ್ಯವಹಾರ ಬಲ್ಲ ಹಿರಿಯನ ಉತ್ತರ ಸಿದ್ಧವಾಗಿಯೇ ಇರುತ್ತದೆ: “ಹಂಗಂತ ಬ್ಯಾಂಕಿನ ಕಾಗದ ಓದಲಾರದ ಸಹಿ ಮಾಡ್ತೀ ಏನ್ ತಮ್ಮಾ?”

ಈ ಹಿರಿಯನ ಮಾತಿನಲ್ಲಿ ರಾಜ್ಯಶಾಸ್ತ್ರದ ಸಾರವೇ ಅಡಗಿದೆ. ಅಧಿಕಾರವೆಂಬುದು ಪ್ರಜೆಯು ಸರ್ಕಾರಕ್ಕೆ ಕೊಟ್ಟ ಕೈಗಡ. ಕೈಗಡ ಕೊಡುವವನು ಮೂರು ಮಾತು ಕೇಳುತ್ತಾನೆ: ಎಷ್ಟು? ಯಾವ ಕಾರ್ಯಕ್ಕೆ? ಹಿಂದಿರುಗಿಸುವ ವಾಯಿದೆ ಎಂದು? ಮೊದಲಿನ ಎರಡನ್ನು ಕೇಳಿ ಮೂರನೆಯದನ್ನು ಮರೆತರೆ ಏನಾಗುವುದೆಂಬುದಕ್ಕೆ ಅಮೆರಿಕದ ಸುಂಕದ ಕಥೆಯೇ ನಿದರ್ಶನ.

೧೭೮೭ರಲ್ಲಿ ಫಿಲಡೆಲ್ಫಿಯದಲ್ಲಿ ರಚಿತವಾದ ಅಮೆರಿಕದ ಸಂವಿಧಾನವು ತೆರಿಗೆ ಮತ್ತು ಸುಂಕ ವಿಧಿಸುವ ಅಧಿಕಾರವನ್ನು ಅಧ್ಯಕ್ಷರಿಗೆ ಕೊಡಲಿಲ್ಲ. ಅದನ್ನು ಮೊದಲನೆಯ ವಿಧಿಯ ಎಂಟನೆಯ ಪ್ರಕರಣದಲ್ಲಿ ಅಲ್ಲಿಯ ಶಾಸನಸಭೆಯಾದ ಕಾಂಗ್ರೆಸ್ಸಿನ ಕೈಯಲ್ಲಿ ಇರಿಸಿತು. ಹಾಗಿದ್ದ ಮೇಲೆ ಅಧ್ಯಕ್ಷರ ಒಂದು ಸಹಿಯಿಂದ ಸುಂಕ ಏರಿದ್ದು ಹೇಗೆ? ೧೯೭೭ರಲ್ಲಿ ಕಾಂಗ್ರೆಸ್ಸು ಒಂದು ಕಾಯಿದೆ ಮಾಡಿತ್ತು. ಹೊರನಾಡಿನಿಂದ ಅಸಾಧಾರಣ ಅಪಾಯ ಬಂದು, ಅಧ್ಯಕ್ಷರು ರಾಷ್ಟ್ರೀಯ ತುರ್ತು ಪರಿಸ್ಥಿತಿಯನ್ನು ಘೋಷಿಸಿದಾಗ, ಅವರು ಆಮದನ್ನು ‘ನಿಯಂತ್ರಿಸಬಹುದು’ ಎಂದು ಆ ಕಾಯಿದೆ ಹೇಳುತ್ತದೆ. ಅದರಲ್ಲಿ ಸುಂಕ ಎಂಬ ಶಬ್ದವೇ ಇಲ್ಲ. ೨೦೨೫ಕ್ಕೆ ಮುಂಚೆ ಯಾವ ಅಧ್ಯಕ್ಷರೂ ಸುಂಕ ಹೇರಲು ಅದನ್ನು ಬಳಸಿರಲಿಲ್ಲ. ‘ನಿಯಂತ್ರಣ’ವೆಂಬ ಆ ಒಂದೇ ಮಾತಿನ ಬಿರುಕಿನಿಂದ ಲೋಕದ ವ್ಯಾಪಾರವನ್ನೆಲ್ಲ ಅಲುಗಿಸುವ ಸುಂಕ ಹೊರಬಂದಿತು.

ಇದನ್ನು ಪ್ರಶ್ನಿಸಿದವರು ದೊಡ್ಡ ಧನಿಕರಲ್ಲ. ದ್ರಾಕ್ಷಾರಸ ತರಿಸಿ ಮಾರುವ ಒಂದು ಚಿಕ್ಕ ಸಂಸ್ಥೆ ಮತ್ತು ಅಂಥವೇ ಕೆಲವು ಸಣ್ಣ ಉದ್ಯಮಗಳು ನ್ಯಾಯಾಲಯಕ್ಕೆ ಹೋದವು. ೨೦೨೫ರ ಮೇ ೨೮ರಂದು ಅಂತರರಾಷ್ಟ್ರೀಯ ವ್ಯಾಪಾರ ನ್ಯಾಯಾಲಯವು ಅಧ್ಯಕ್ಷರು ತಮ್ಮ ಅಧಿಕಾರದ ಎಲ್ಲೆ ಮೀರಿದರೆಂದಿತು. ಆಗಸ್ಟ್ ೨೯ರಂದು ಮೇಲ್ಮನವಿ ನ್ಯಾಯಾಲಯದ ಏಳು ನ್ಯಾಯಾಧೀಶರು ಅದೇ ಅಭಿಪ್ರಾಯ ತಳೆದರು; ನಾಲ್ವರು ಭಿನ್ನಮತ ನುಡಿದರು. ವ್ಯಾಜ್ಯ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲನ್ನೂ ಏರಿ, ನವೆಂಬರ್ ೫ರಂದು ಅಲ್ಲಿ ವಾದ ನಡೆಯಿತು. ವಕೀಲರಿಗೆ ಇದರಲ್ಲಿ ರುಚಿ ಹುಟ್ಟಿಸುವ ಸೂಕ್ಷ್ಮಗಳು ನೂರಿವೆ. ಹತ್ತಿ ಬೆಳೆಗಾರನಿಗೆ ಮುಖ್ಯವಾದ ಅಂಶ ಒಂದೇ: ಈ ವಾದ-ಪ್ರತಿವಾದಗಳು ನಡೆಯುತ್ತಿದ್ದ ತಿಂಗಳುಗಳಲ್ಲಿ ಸುಂಕದ ವಸೂಲಿಯೂ ನಡೆಯುತ್ತಲೇ ಇತ್ತು, ಹತ್ತಿಯ ಹಂಗಾಮು ಅದಕ್ಕಾಗಿ ಕಾಯಲಿಲ್ಲ.

ತುರ್ತು ಪರಿಸ್ಥಿತಿ ಎಂದರೆ ಸ್ವಲ್ಪಕಾಲದ್ದು ಎಂದು ಯಾರಾದರೂ ತಿಳಿದಾರು. ಇರಾನಿನಲ್ಲಿ ಅಮೆರಿಕದ ರಾಯಭಾರ ಕಚೇರಿಯವರು ಒತ್ತೆಯಾಳುಗಳಾದಾಗ ಅಧ್ಯಕ್ಷ ಕಾರ್ಟರರು ೧೯೭೯ರ ನವೆಂಬರ್ ೧೪ರಂದು ಒಂದು ತುರ್ತು ಪರಿಸ್ಥಿತಿ ಘೋಷಿಸಿದರು. ಒತ್ತೆಯಾಳುಗಳು ೧೯೮೧ರ ಜನವರಿಯಲ್ಲಿಯೇ ಬಿಡುಗಡೆಯಾದರು. ಘೋಷಣೆಯು ಮಾತ್ರ ವರ್ಷ ವರ್ಷವೂ ನವೀಕರಣ ಪಡೆದು ನಾಲ್ಕು ದಶಕಗಳನ್ನು ದಾಟಿ ನಡೆಯಿತು.

ವಾಯಿದೆ ಇರಲೇ ಇಲ್ಲವೆ? ಇತ್ತು. ವಿಯೆಟ್ನಾಂ ಯುದ್ಧವನ್ನೂ ವಾಟರ್‌ಗೇಟ್ ಹಗರಣವನ್ನೂ ಕಂಡು ಎಚ್ಚೆತ್ತ ಕಾಂಗ್ರೆಸ್ಸು ೧೯೭೬ರಲ್ಲಿ, ತಾನು ನಿರ್ಣಯ ಮಾಡಿದರೆ ತುರ್ತು ಪರಿಸ್ಥಿತಿ ಮುಗಿಯಬೇಕೆಂದೂ ಅದಕ್ಕೆ ಅಧ್ಯಕ್ಷರ ಒಪ್ಪಿಗೆ ಬೇಡವೆಂದೂ ಕಾಯಿದೆ ಮಾಡಿತು. ಆ ಲಗಾಮು ಸಡಿಲವಾದ ಬಗೆ ವಿಚಿತ್ರ. ಅದರಲ್ಲಿ ಒಬ್ಬ ಭಾರತೀಯ ಮೂಲದ ತರುಣನ ಪಾತ್ರವಿದೆ. ಕೀನ್ಯದಲ್ಲಿ ಭಾರತೀಯ ದಂಪತಿಗಳಿಗೆ ಹುಟ್ಟಿದ ಜಗದೀಶ ರಾಯ್ ಚಡ್ಡಾ ಎಂಬಾತನು ೧೯೬೬ರಲ್ಲಿ ವಿದ್ಯಾರ್ಥಿಯಾಗಿ ಅಮೆರಿಕಕ್ಕೆ ಹೋದನು. ೧೯೭೨ರಲ್ಲಿ ಅವನ ರಹದಾರಿಯ ಅವಧಿ ಮುಗಿಯಿತು. ಅವನು ಅಲ್ಲಿಯೇ ಉಳಿಯಬಹುದೆಂದು ವಲಸೆ ನ್ಯಾಯಾಧೀಶರು ೧೯೭೪ರಲ್ಲಿ ಅಪ್ಪಣೆ ಕೊಟ್ಟರೂ, ಮರುವರ್ಷದ ಡಿಸೆಂಬರಿನಲ್ಲಿ ಕಾಂಗ್ರೆಸ್ಸಿನ ಕೆಳಮನೆಯು ಚರ್ಚೆಯೇ ಇಲ್ಲದೆ ಅದನ್ನು ರದ್ದುಗೊಳಿಸಿತು. ‘ಒಂದೇ ಸದನಕ್ಕೆ ಈ ಅಧಿಕಾರವನ್ನು ಕೊಟ್ಟವರಾರು?’ ಎಂದು ಚಡ್ಡಾ ಕೇಳಿದನು. ೧೯೮೩ರ ಜೂನ್ ೨೩ರಂದು ಸರ್ವೋಚ್ಚ ನ್ಯಾಯಾಲಯವು ಅವನ ಪರವಾಗಿ ತೀರ್ಪಿತ್ತಿತು: ಎರಡೂ ಸದನಗಳನ್ನು ಹಾಯ್ದು ಅಧ್ಯಕ್ಷರ ಮುಂದೆ ಹೋಗದ ನಿರ್ಣಯಕ್ಕೆ ಕಾನೂನಿನ ಬಲವಿಲ್ಲ.

ತರುಣನಿಗೆ ನ್ಯಾಯ ದೊರೆಯಿತು. ಆದರೆ ಅದೇ ತತ್ತ್ವದಿಂದ, ತುರ್ತು ಪರಿಸ್ಥಿತಿಯನ್ನು ಮುಗಿಸುವ ನಿರ್ಣಯವೂ ಅಧ್ಯಕ್ಷರ ಮೇಜಿಗೇ ಹೋಗಬೇಕಾಯಿತು. ೧೯೮೫ರಲ್ಲಿ ಕಾಯಿದೆ ಹಾಗೆಯೇ ತಿದ್ದುಪಡಿಯಾಯಿತು. ಫಲ ೨೦೧೯ರಲ್ಲಿ ಕಂಡಿತು. ಮೆಕ್ಸಿಕೊ ಗಡಿಯ ಗೋಡೆಗಾಗಿ ಘೋಷಿಸಿದ ತುರ್ತು ಪರಿಸ್ಥಿತಿಯನ್ನು ಎರಡೂ ಸದನಗಳು ಕೊನೆಗೊಳಿಸಹೊರಟವು. ಮಾರ್ಚ್ ೧೫ರಂದು ಅಧ್ಯಕ್ಷರು ನಿರಾಕರಣದ ಮುದ್ರೆ ಒತ್ತಿದರು. ಅದನ್ನು ಮೀರಲು ಬೇಕಾದ ಮೂರರಲ್ಲಿ ಎರಡು ಪಾಲು ಮತ ಕೆಳಮನೆಯಲ್ಲಿ ಕೂಡಿಬರಲಿಲ್ಲ. ಸಾಲ ತೀರಿಸೆಂದು ಕೇಳಲು ಸಾಲಗಾರನ ಅನುಮತಿಯೇ ಬೇಕಾದಂತಾಯಿತು.

ಇದನ್ನೆಲ್ಲ ಕೇಳಿ, ‘ನೋಡಿ, ಅಮೆರಿಕದ ಪ್ರಜಾಪ್ರಭುತ್ವ ಇಷ್ಟೇ’ ಎಂದು ನಗುವುದು ಸುಲಭ. ಆದರೆ ಭಾರತದ ಚರಿತ್ರೆಯ ಪುಟಗಳೂ ತೆರೆದೇ ಇವೆ. ಚೀನದ ಆಕ್ರಮಣದಿಂದಾಗಿ ೧೯೬೨ರ ಅಕ್ಟೋಬರ್ ೨೬ರಂದು ಘೋಷಿತವಾದ ತುರ್ತು ಪರಿಸ್ಥಿತಿ ಇಳಿದದ್ದು ೧೯೬೮ರ ಜನವರಿ ೧೦ರಂದು. ಗಡಿಯಲ್ಲಿ ಕದನ ನಿಂತದ್ದು ಒಂದು ತಿಂಗಳೊಳಗೆ. ನಡುವೆ ೧೯೬೫ರ ಯುದ್ಧವೂ ಬಂದು ಮುಗಿದಿತ್ತು. ೧೯೭೧ರ ಡಿಸೆಂಬರಿನ ಯುದ್ಧ ಹದಿನಾಲ್ಕು ದಿನಗಳಲ್ಲಿ ಮುಗಿಯಿತು. ಅದಕ್ಕೆಂದು ಹೊರಡಿಸಿದ ಘೋಷಣೆ ೧೯೭೭ರ ಮಾರ್ಚಿನವರೆಗೂ ಉಳಿಯಿತು. ಅದು ಇನ್ನೂ ಜಾರಿಯಲ್ಲಿರುವಾಗಲೇ ೧೯೭೫ರ ಜೂನ್ ೨೫ರ ರಾತ್ರಿ ಮತ್ತೊಂದಕ್ಕೆ ಸಹಿ ಬಿದ್ದಿತು. ಸಚಿವ ಸಂಪುಟಕ್ಕೆ ಸುದ್ದಿ ತಿಳಿದದ್ದು ಮರುದಿನ ಬೆಳಗ್ಗೆ. ಆ ದಿನವೇ, ಸಂಸದೀಯ ಸಮಿತಿಯ ಕೆಲಸಕ್ಕೆಂದು ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಆಡ್ವಾಣಿ, ಮಧು ದಂಡವತೆಯವರು ಬಂಧಿತರಾದರು.

ಪ್ರಜೆಗಳು ೧೯೭೭ರ ಚುನಾವಣೆಯಲ್ಲಿ ಲೆಕ್ಕ ಕೇಳಿದರು. ಅದರ ಮೇಲೆ ಬಂದ ೪೪ನೆಯ ತಿದ್ದುಪಡಿಯು ಸಂವಿಧಾನದಲ್ಲಿಯೇ ವಾಯಿದೆಯನ್ನು ಬರೆಯಿತು: ಸಂಪುಟದ ತೀರ್ಮಾನ ಲಿಖಿತವಾಗಿರಬೇಕು, ಒಂದು ತಿಂಗಳೊಳಗೆ ಸಂಸತ್ತಿನ ಒಪ್ಪಿಗೆ ದೊರೆಯಬೇಕು, ಆರಾರು ತಿಂಗಳಿಗೊಮ್ಮೆ ಅದು ನವೀಕರಣವಾಗಬೇಕು. ಇದು ಸಂಶಯದ ಫಲ, ಪ್ರಶ್ನೆಯ ದಾರಿ ಹಿಡಿದ ಸಂಶಯದ ಫಲ.

ಕನ್ನಡ ಜನರೇ ಹೂಡಿದ ಎರಡು ವ್ಯಾಜ್ಯಗಳನ್ನು ಇಲ್ಲಿ ನೆನೆಯಬೇಕು. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮಿಗಳು ಮಠದ ಭೂಮಿಯ ವಿಷಯವಾಗಿ ನ್ಯಾಯಾಲಯಕ್ಕೆ ಹೋದರು. ೧೯೭೩ರ ಏಪ್ರಿಲ್ ೨೪ರಂದು ಹದಿಮೂವರು ನ್ಯಾಯಮೂರ್ತಿಗಳ ಪೀಠವು ಏಳು-ಆರರ ಬಹುಮತದಿಂದ, ಸಂಸತ್ತು ಕೂಡ ಸಂವಿಧಾನದ ಮೂಲಸ್ವರೂಪವನ್ನು ಕೆಡಿಸಲಾರದೆಂದು ಹೇಳಿತು. ಎರಡನೆಯದು ಎಸ್. ಆರ್. ಬೊಮ್ಮಾಯಿಯವರದು. ವಿಧಾನಸಭೆಯಲ್ಲಿಯೇ ಬಹುಮತ ತೋರಿಸುವೆನೆಂದು ಅವರು ಹೇಳುತ್ತಿರುವಾಗಲೇ ೧೯೮೯ರ ಏಪ್ರಿಲ್ ೨೧ರಂದು ಅವರ ಸರ್ಕಾರ ವಜಾ ಆಯಿತು. ೧೯೯೪ರ ಮಾರ್ಚ್ ೧೧ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು, ಬಹುಮತವನ್ನು ಅಳೆಯುವ ಸ್ಥಳ ವಿಧಾನಸಭೆ, ರಾಜಭವನವಲ್ಲ ಎಂದು ತೀರ್ಪಿತ್ತಿತು. ಬೊಮ್ಮಾಯಿಯವರಿಗೆ ಕುರ್ಚಿ ಹಿಂದಿರುಗಲಿಲ್ಲ. ಆಮೇಲೆ ಬಂದ ಮುಖ್ಯಮಂತ್ರಿಗಳಿಗೆಲ್ಲ ಆ ತೀರ್ಪು ಕಾವಲಾಯಿತು.

ಕೇಳುವ ಹಕ್ಕು ಇಲ್ಲದಿದ್ದರೆ ಹೇಗಿರುತ್ತದೆ ಎಂಬುದು ಈ ಸೀಮೆಗೆ ತಿಳಿಯದ್ದೇನಲ್ಲ. ೧೮೫೮ರಲ್ಲಿ ರಾಜಾ ವೆಂಕಟಪ್ಪ ನಾಯಕರ ಹೋರಾಟ ಮುಗಿದ ಮೇಲೆ, ೧೮೬೦ರಲ್ಲಿ ಬ್ರಿಟಿಷರು ಸುರಪುರವನ್ನು ಹೈದರಾಬಾದಿನ ನಿಜಾಮರಿಗೆ ಉಡುಗೊರೆಯಂತೆ ಒಪ್ಪಿಸಿದರು. ಸುರಪುರದ ಪ್ರಜೆಯ ಒಪ್ಪಿಗೆಯನ್ನು ಯಾರೂ ಕೇಳಲಿಲ್ಲ. ೧೯೪೮ರ ಸೆಪ್ಟೆಂಬರ್ ೧೭ರವರೆಗೆ ನಿಜಾಮರ ಫರ್ಮಾನೇ ಇಲ್ಲಿ ಕಾನೂನು. ಫರ್ಮಾನಿಗೆ ವಾಯಿದೆಯೂ ಇರಲಿಲ್ಲ, ಮೇಲ್ಮನವಿಯೂ ಇರಲಿಲ್ಲ. ‘ಒಬ್ಬ ಗಟ್ಟಿಗ ಬಂದು ಎಲ್ಲವನ್ನೂ ಒಂದೇ ಮಾತಿನಲ್ಲಿ ನೆಟ್ಟಗೆ ಮಾಡಲಿ’ ಎಂದು ಹಾರೈಸುವ ಇಂದಿನ ಕೆಲವು ತರುಣರು, ತಮ್ಮ ಅಜ್ಜಂದಿರು ಕಳೆದ ಆ ಕಾಲವನ್ನು ಒಮ್ಮೆ ಕೇಳಿ ತಿಳಿಯುವುದು ಲೇಸು.

‘ಕಾಗದದಲ್ಲಿ ಬರೆದರೇನು?’ ಎನ್ನುವವರಿಗೂ ಮನೆಯಂಗಳದಲ್ಲಿಯೇ ಉತ್ತರವಿದೆ. ವೈಜನಾಥ ಪಾಟೀಲ ಮೊದಲಾದವರ ದೀರ್ಘಕಾಲದ ಹೋರಾಟದ ಬಳಿಕ, ೨೦೧೨ರ ಡಿಸೆಂಬರಿನಲ್ಲಿ ಸಂಸತ್ತು ೯೮ನೆಯ ತಿದ್ದುಪಡಿಯನ್ನು ಅಂಗೀಕರಿಸಿ, ಸಂವಿಧಾನಕ್ಕೆ ೩೭೧(ಜೆ) ವಿಧಿಯನ್ನು ಸೇರಿಸಿತು. ಯಾದಗಿರಿಯ ವಿದ್ಯಾರ್ಥಿಯು ವೈದ್ಯಕೀಯ ಕಾಲೇಜಿನಲ್ಲಿಯೋ ಸರ್ಕಾರಿ ಹುದ್ದೆಯಲ್ಲಿಯೋ ತನ್ನ ಸೀಮೆಗೆ ಮೀಸಲಾದ ಸ್ಥಾನವನ್ನು ಪಡೆಯುವುದು ಆ ಕಾಗದದ ಬಲದಿಂದ. ಕಾಗದವು ತಾನಾಗಿ ಕೆಲಸ ಮಾಡದು. ಅದನ್ನು ಹಿಡಿದು ಕೇಳುವವರಿದ್ದರೆ ಮಾತ್ರ ಮಾಡುತ್ತದೆ.

ತರುಣರ ಸಂಶಯ ಕೈಕಟ್ಟಿ ಕುಳಿತಿರಬೇಕಾಗಿಲ್ಲವೆಂಬುದಕ್ಕೆ ಅಮೆರಿಕವೇ ಸಾಕ್ಷಿ. ಹದಿನೆಂಟಕ್ಕೆ ವಿಯೆಟ್ನಾಂ ಯುದ್ಧಕ್ಕೆ ಕರೆ, ಇಪ್ಪತ್ತೊಂದಕ್ಕೆ ಮತದಾನ—ಇದಾವ ನ್ಯಾಯವೆಂದು ಅಲ್ಲಿಯ ಯುವಕರು ಕೇಳಿದರು. ೧೯೭೧ರಲ್ಲಿ ಸಂವಿಧಾನವೇ ತಿದ್ದುಪಡಿಯಾಗಿ ಹದಿನೆಂಟರವರಿಗೆ ಮತ ದೊರೆಯಿತು. ಭಾರತದಲ್ಲಿ ಅದೇ ಹಕ್ಕು ೧೯೮೯ರಲ್ಲಿ ಬಂದಿತು. ಮುದನಾಳದ ಹದಿನೆಂಟರ ಹುಡುಗ-ಹುಡುಗಿಯರ ಕೈಬೆರಳಿನ ಮಸಿಗೆ ಇಷ್ಟು ಹಿನ್ನೆಲೆಯಿದೆ.

ಮುದನಾಳದಿಂದ ವಾಷಿಂಗ್ಟನ್ನಿಗೆ ಪ್ರಶ್ನೆ ಮುಟ್ಟಿಸುವುದು ಕಷ್ಟವೇ ಸರಿ. ಆದರೆ ಯಾದಗಿರಿಗೆ ಮುಟ್ಟಿಸಬಹುದು. ಖರೀದಿ ಕೇಂದ್ರ ಎಂದು ತೆರೆಯಿತು, ಎಷ್ಟು ಕ್ವಿಂಟಲ್ ಕೊಂಡಿತು, ಹಣ ಎಷ್ಟು ದಿನಗಳಲ್ಲಿ ಸಂದಿತು ಎಂದು ಹತ್ತು ರೂಪಾಯಿಯ ಶುಲ್ಕ ತೆತ್ತು ಬರವಣಿಗೆಯಲ್ಲಿ ಕೇಳಿದರೆ, ೨೦೦೫ರ ಮಾಹಿತಿ ಹಕ್ಕು ಕಾಯಿದೆಯ ಪ್ರಕಾರ ಅಧಿಕಾರಿಯು ೩೦ ದಿನಗಳೊಳಗೆ ಉತ್ತರಿಸಬೇಕು. ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳುವುದಕ್ಕೆ ಆ ಹತ್ತು ರೂಪಾಯಿಯೂ ಬೇಡ. ಸಾಲದ ವಾಯಿದೆ ಕೇಳಿದವನನ್ನು ಊರು ಅಪನಂಬಿಕೆಯ ಮನುಷ್ಯನೆಂದು ಜರೆಯುವುದಿಲ್ಲ. ವ್ಯವಹಾರ ಬಲ್ಲವನೆಂದು ಮೆಚ್ಚುತ್ತದೆ. ಅಧಿಕಾರದ ವಾಯಿದೆ ಕೇಳುವ ತರುಣನಿಗೂ ಅದೇ ಮರ್ಯಾದೆ ಸಲ್ಲಬೇಕು.