ಇನ್ನೂ ಬಾರದ ಆಟದ ಮಾತು

ಈ ತಿಂಗಳು ಯಾರೂ ಕಣ್ಣಾರೆ ಕಾಣದ ಒಂದು ವಸ್ತುವಿನ ಬಗೆಗೆ ಬರೆಯಬೇಕಾಗಿದೆ. ನಮ್ಮ ಮನೆಗಳ ಕಾಲೇಜು ಹುಡುಗರಲ್ಲಿ ಹಲವರು, ನೌಕರಿಗೆ ಸೇರಿದ ತರುಣರಲ್ಲಿ ಕೆಲವರು, ಏಳು ವರ್ಷಗಳಿಗೂ ಮಿಕ್ಕಿ ಒಂದು ವಿಡಿಯೋ ಗೇಮಿಗಾಗಿ ಕಾದಿದ್ದಾರೆ. ಅದರ ಕಥೆ ಏನೆಂದು ಗೊತ್ತಿಲ್ಲ. ನಾಯಕ ಯಾರೆಂದು ಗೊತ್ತಿಲ್ಲ. ಪೂರ್ತಿ ಹೆಸರು ಕೂಡ ಹೊರಬಿದ್ದಿಲ್ಲ. ಆದರೂ ತುಮಕೂರಿನಿಂದ ಬೆಂಗಳೂರಿಗೆ ದಿನವೂ ಹೋಗಿಬರುವವರ ನಡುವೆ ಬೆಳಗಿನ ರೈಲಿನಲ್ಲಿ ಕುಳಿತರೆ, ಆ ಆಟ ಯಾವ ನಾಡಿನಲ್ಲಿ ನಡೆಯಬಹುದೆಂಬ ವಾದ ಕ್ಯಾತಸಂದ್ರದಲ್ಲಿ ಆರಂಭವಾದದ್ದು ಯಶವಂತಪುರ ಬಂದರೂ ಮುಗಿಯುವುದಿಲ್ಲ. ಗುಬ್ಬಿ, ಕುಣಿಗಲ್ ಕಡೆಯ ತಾಯಂದಿರು ನಮ್ಮನ್ನು ಕೇಳುವ ಪ್ರಶ್ನೆ ಬೇರೆ: "ಇದೂ ಆ ರಮ್ಮಿಯ ಹಾಗೆ ಮನೆ ತೊಳೆಯುವ ಆಟವೆ?" ಮೊಬೈಲಿನಲ್ಲಿ ಇಸ್ಪೀಟಾಡಿ ಹೊಲ ಅಡವಿಟ್ಟವರ ಕಥೆಯನ್ನು ನೆರೆಹೊರೆಯಲ್ಲಿ ಕೇಳಿರುವವರಿಗೆ ಈ ಸಂಶಯ ಬರುವುದು ಸಹಜವೇ ಆಗಿದೆ. ಆದುದರಿಂದ ಮಕ್ಕಳು ಕಾಯುತ್ತಿರುವುದು ಏನನ್ನು ಎಂಬುದನ್ನು ಹಿರಿಯರಿಗೆ ತಿಳಿಸಿ ಹೇಳುವುದು ಅವಶ್ಯವೆಂದು ಭಾವಿಸಿದ್ದೇವೆ.

ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಬೆಥೆಸ್ಡಾ ಗೇಮ್ ಸ್ಟುಡಿಯೋಸ್ ಎಂಬ ಸಂಸ್ಥೆ 'ದಿ ಎಲ್ಡರ್ ಸ್ಕ್ರೋಲ್ಸ್' ಎಂಬ ಆಟದ ಮಾಲೆಯನ್ನು ತಯಾರಿಸುತ್ತದೆ. ಮೊದಲನೆಯದು ಹೊರಬಂದದ್ದು 1994ರಲ್ಲಿ. ಐದನೆಯದಾದ 'ಸ್ಕೈರಿಮ್' 2011ರ ನವೆಂಬರ್ 11ರಂದು ಬಂದಿತು. ಅದರ ಆರು ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾಗಿವೆಯೆಂದು 2023ರಲ್ಲಿ ಅದರ ಮುಖ್ಯಸ್ಥ ಟಾಡ್ ಹೋವರ್ಡ್ ತಿಳಿಸಿದರು. ಈ ಎಲ್ಲ ಆಟಗಳ ಕಥೆ ನಡೆಯುವುದು ಟ್ಯಾಮ್ರಿಯಲ್ ಎಂಬ ಕಲ್ಪಿತ ಭೂಖಂಡದಲ್ಲಿ. ಅದರಲ್ಲಿ ಒಂಬತ್ತು ನಾಡುಗಳು. ಒಂದೊಂದಕ್ಕೂ ತನ್ನದೇ ಆದ ಜನ, ದೇವರು, ಯುದ್ಧ, ಚರಿತ್ರೆ. ಈಗ ಕಾಯುತ್ತಿರುವುದು ಆರನೆಯದಕ್ಕೆ.

ಇಂತಹ ಆಟದಲ್ಲಿ ಆಡುವವನು ಒಂದು ಪಾತ್ರವನ್ನು ವಹಿಸುತ್ತಾನೆ. ಈ ಮಾತು ನಮ್ಮ ಸೀಮೆಯವರಿಗೆ ಅರ್ಥವಾಗುವಷ್ಟು ಬೇಗ ಬೇರೆಯವರಿಗೆ ಆಗಲಾರದು. ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಇಂದಿಗೂ ಸುಗ್ಗಿ ಮುಗಿದ ಮೇಲೆ ಹಾರ್ಮೋನಿಯಂ ಮೇಷ್ಟ್ರನ್ನು ಕರೆಸಿ, ತಿಂಗಳುಗಟ್ಟಲೆ ತಾಲೀಮು ನಡೆಸಿ, ಸೀನರಿ ಬಾಡಿಗೆಗೆ ತಂದು 'ಕುರುಕ್ಷೇತ್ರ' ಆಡುತ್ತಾರೆ. ಕೃಷ್ಣನ ಪಾತ್ರಕ್ಕೆ, ದುರ್ಯೋಧನನ ಪಾತ್ರಕ್ಕೆ ಕೈಯಿಂದ ಹೆಚ್ಚು ಹಣ ಕೊಡುವವರಿದ್ದಾರೆ. ಹಗಲೆಲ್ಲ ತೆಂಗಿನ ತೋಟದಲ್ಲಿ ದುಡಿದವನು ರಾತ್ರಿ ಕಿರೀಟ ಧರಿಸಿ ಹಸ್ತಿನಾವತಿಯನ್ನು ಆಳುತ್ತಾನೆ. ವಿಡಿಯೋ ಗೇಮಿನ ಪಾತ್ರಧಾರಿಯೂ ಇದನ್ನೇ ಮಾಡುತ್ತಾನೆ. ವ್ಯತ್ಯಾಸವೆಂದರೆ ಅಲ್ಲಿ ಬರೆದಿಟ್ಟ ಮಾತುಗಳ ಕಟ್ಟಿಲ್ಲ. ಯುದ್ಧ ಬೇಸರವಾದರೆ ಭೀಮನು ಗದೆಯನ್ನು ಕೆಳಗಿಟ್ಟು ಅಡುಗೆಮನೆಗೆ ಹೋಗಬಹುದು. (ವಿರಾಟಪರ್ವದಲ್ಲಿ ಆತ ಹೋದದ್ದೂ ಉಂಟು.) 'ಸ್ಕೈರಿಮ್'ನಲ್ಲಿ ಮುಖ್ಯ ಕಥೆಯನ್ನು ಬದಿಗಿಟ್ಟು ಸೌದೆ ಒಡೆಯಬಹುದು, ಮನೆ ಕೊಳ್ಳಬಹುದು, ಮದುವೆಯಾಗಬಹುದು, ಕಣ್ಣಿಗೆ ಕಂಡ ಬೆಟ್ಟವನ್ನು ಹತ್ತಬಹುದು. ಕುದುರೆಯ ಮೇಲೆ ಕುಳಿತು ಗೋಡೆಯಂತಹ ಕಡಿದಾದ ಬಂಡೆಯನ್ನೂ ಹತ್ತಬಹುದೆಂಬುದು ಆಡಿದವರೆಲ್ಲರ ಹಳೆಯ ನಗೆಮಾತು. ಕುಣಿಗಲ್ಲಿನ ಕುದುರೆ ಫಾರಂ ನೋಡಿ ಬೆಳೆದವರು ಆ ದೃಶ್ಯವನ್ನು ಕಂಡರೆ ನಗು ತಡೆದುಕೊಳ್ಳಲಾರರು.

ಇನ್ನು ಊಹೆಯ ವಿಷಯ. 2018ರ ಜೂನ್ 10ರಂದು ಲಾಸ್ ಏಂಜಲೀಸಿನಲ್ಲಿ ಬೆಥೆಸ್ಡಾ ಸಂಸ್ಥೆ ಅರ್ಧ ನಿಮಿಷದಷ್ಟು ಮಾತ್ರದ ಒಂದು ಚಿತ್ರತುಣುಕನ್ನು ತೋರಿಸಿತು. ಮಂಜು, ಅದರ ಹಿಂದೆ ಕಲ್ಲುಬೆಟ್ಟಗಳು, ದೂರದಲ್ಲಿ ಕಡಲತೀರ, ಪರಿಚಿತ ರಾಗ, ಕೊನೆಗೆ ಮಾಲೆಯ ಹೆಸರು. ಒಬ್ಬ ಮನುಷ್ಯನೂ ಅದರಲ್ಲಿ ಕಾಣಲಿಲ್ಲ. ಈ ಅರ್ಧ ನಿಮಿಷವನ್ನು ಅಭಿಮಾನಿಗಳು ಅರೆದು ಕುಡಿದರು. ಬೆಟ್ಟದ ಬಣ್ಣ ಒಣನೆಲದ್ದು, ಆದುದರಿಂದ ಅದು ಮರಳುಗಾಡಿನ ಹ್ಯಾಮರ್‌ಫೆಲ್ ನಾಡು ಎಂದು ಒಂದು ಪಕ್ಷ. ತೀರದ ಬಾಗು ಹೀಗಿದೆ, ಆದುದರಿಂದ ಅದು ನೆರೆಯ ಹೈ ರಾಕ್ ಎಂದು ಇನ್ನೊಂದು ಪಕ್ಷ. ಎರಡರ ನಡುವಿನ ಇಲಿಯಾಕ್ ಕೊಲ್ಲಿಯೇ ರಂಗಸ್ಥಳವೆಂದು ರಾಜಿಯ ಮೂರನೆಯ ಪಕ್ಷ. 2020ರ ಡಿಸೆಂಬರ್ 31ರಂದು ಅದೇ ಮಾಲೆಯ ಹೆಸರಿನಲ್ಲಿ ಹಳೆಯ ನಕ್ಷೆಯೊಂದರ ಮೇಲೆ ಮೇಣದ ಬತ್ತಿಗಳನ್ನು ಇಟ್ಟ ಚಿತ್ರ ಪ್ರಕಟವಾಯಿತು. ಬತ್ತಿಗಳು ಯಾವ ಊರಿನ ಮೇಲಿವೆ, ಯಾವುದು ಉರಿಯುತ್ತಿದೆ ಎಂದು ಅಳತೆ ಮಾಡಿದವರಿದ್ದಾರೆ. 2021ರ ಜೂನಿನಲ್ಲಿ ಸಂಸ್ಥೆಯ ಬೇರೊಂದು ಆಟವಾದ 'ಸ್ಟಾರ್‌ಫೀಲ್ಡ್'ನ ತುಣುಕು ಬಂದಾಗ, ಅಂತರಿಕ್ಷ ನೌಕೆಯ ಒಳಗಿನ ಫಲಕದ ಮೇಲೆ ಗೀಚಿದಂತಿದ್ದ ಗುರುತು ಅದೇ ನಾಡುಗಳ ಗಡಿಯನ್ನು ಹೋಲುತ್ತದೆಂದು ಕಂಡುಹಿಡಿದರು. ಕೊಡೇಕಲ್ ಬಸವಣ್ಣನವರ ಕಾಲಜ್ಞಾನದ ವಚನಗಳನ್ನು ಮುಂದಿಟ್ಟುಕೊಂಡು, ಈ ಸಾಲು ಬರಗಾಲಕ್ಕೆ, ಆ ಸಾಲು ದಂಡಯಾತ್ರೆಗೆ ಎಂದು ಹೊಂದಿಸುತ್ತಿದ್ದ ನಮ್ಮ ಹಿರಿಯರು ಈ ಹುಡುಗರನ್ನು ಕಂಡು ಬೆರಗಾಗುತ್ತಿರಲಿಲ್ಲ.

ಇವರ ಊಹೆಯಲ್ಲಿ ನಮಗೆ ಮೆಚ್ಚುಗೆಯಾದ ಒಂದು ಅಂಶವಿದೆ. 'ಸ್ಕೈರಿಮ್' ಆಟದೊಳಗೆ ಆಡುವವನು ತೆರೆದು ಓದಬಹುದಾದ ನೂರಾರು ಪುಸ್ತಕಗಳಿವೆ: ಆ ಕಲ್ಪಿತ ನಾಡಿನ ಚರಿತ್ರೆ, ಪ್ರವಾಸಕಥನ, ಪುರಾಣ, ಹರಟೆ. ಹೆಚ್ಚಿನವರು ಓದದೆ ಮುಂದೆ ಹೋಗುತ್ತಾರೆ. ಊಹೆ ಮಾಡುವವರು ಮಾತ್ರ ಓದುತ್ತಾರೆ. ಸಾಮ್ರಾಜ್ಯವು ಶತ್ರುಗಳೊಡನೆ ಒಪ್ಪಂದ ಮಾಡಿಕೊಂಡಾಗ ಹ್ಯಾಮರ್‌ಫೆಲ್ ಜನ ಒಪ್ಪದೆ ಒಂಟಿಯಾಗಿ ಹೋರಾಡಿ ಸ್ವತಂತ್ರರಾದರೆಂಬ ಸಂಗತಿ ಅವುಗಳಲ್ಲಿದೆ. ಮುಂದಿನ ಕಥೆ ಅಲ್ಲಿಂದ ಹೊರಡಬಹುದೆಂಬುದು ಅವರ ತರ್ಕ. ಒಂದು ಪುಸ್ತಕದ ಮಾತಿಗೂ ಇನ್ನೊಂದರ ಮಾತಿಗೂ ವಿರೋಧ ಬಂದರೆ, ಬರೆದವನು ಯಾವ ಪಕ್ಷದವನೆಂದು ವಿಚಾರಿಸುತ್ತಾರೆ. ಪರೀಕ್ಷೆಗೆಂದು ಚರಿತ್ರೆಯ ಪಠ್ಯವನ್ನು ಬಾಯಿಪಾಠ ಮಾಡಿಸುವ ನಮ್ಮ ಶಾಲೆಗಳಲ್ಲಿ ಈ ಅಭ್ಯಾಸವನ್ನು ಯಾರೂ ಕಲಿಸುತ್ತಿಲ್ಲ.

ಆದರೆ ಇದೇ ಬುದ್ಧಿ ಎಡವಿದ ಪ್ರಸಂಗವೊಂದಿದೆ. 2018ರ ಸೆಪ್ಟೆಂಬರಿನಲ್ಲಿ ಬೆಥೆಸ್ಡಾದ ಮಾತೃಸಂಸ್ಥೆ 'ರೆಡ್‌ಫಾಲ್' ಎಂಬ ಹೆಸರಿಗೆ ಟ್ರೇಡ್‌ಮಾರ್ಕ್ ಅರ್ಜಿ ಹಾಕಿತು. ಹ್ಯಾಮರ್‌ಫೆಲ್ ನಾಡಿನ ಜನರಿಗೆ ರೆಡ್‌ಗಾರ್ಡ್ ಎಂದು ಹೆಸರು. ಜನದ ಹೆಸರಿನ ಮೊದಲರ್ಧ, ನಾಡಿನ ಹೆಸರಿನ ಕೊನೆಯ ಧ್ವನಿ, ಸೇರಿಸಿದರೆ ರೆಡ್‌ಫಾಲ್! ಇನ್ನು ಸಂಶಯವೆಲ್ಲಿಯದು? ಆರನೆಯ ಆಟದ ಹೆಸರು ಇದೇ ಎಂದು ನಿರ್ಧಾರವಾಗಿಹೋಯಿತು. ಊಹೆಯಾಗಿದ್ದದ್ದು ಕೆಲವು ತಿಂಗಳಲ್ಲಿ ಸುದ್ದಿಯಾಯಿತು. ಸುದ್ದಿಯಾದದ್ದು 'ಎಲ್ಲರಿಗೂ ಗೊತ್ತಿರುವ ಸತ್ಯ'ವಾಯಿತು. 2021ರ ಜೂನಿನಲ್ಲಿ ಪರದೆ ಸರಿದಾಗ 'ರೆಡ್‌ಫಾಲ್' ಎಂಬುದು ರಕ್ತಪಿಶಾಚಿಗಳನ್ನು ಬಂದೂಕಿನಿಂದ ಹೊಡೆಯುವ ಬೇರೆಯೇ ಆಟ, ಅದನ್ನು ತಯಾರಿಸುತ್ತಿದ್ದುದು ಆರ್ಕೇನ್ ಎಂಬ ಸೋದರಸಂಸ್ಥೆ ಎಂದು ತಿಳಿಯಿತು. 2023ರ ಮೇ ತಿಂಗಳಲ್ಲಿ ಬಂದ ಆ ಆಟ ಸೋತಿತು. ಮರುವರ್ಷವೇ ಅದನ್ನು ಮಾಡಿದ ಶಾಖೆಯನ್ನು ಮುಚ್ಚಲಾಯಿತು. ಮೂರು ವರ್ಷ ವಾದಿಸಿದವರು ಮರುದಿನವೇ ಮತ್ತೊಂದು ಊಹೆಗೆ ತೊಡಗಿದರೆಂಬುದು ಸ್ವಾರಸ್ಯದ ಸಂಗತಿ.

ಕಾಯುವ ಜನಕ್ಕೆ ಕುತೂಹಲ ಹುಟ್ಟಿಸುವ ವಿದ್ಯೆ ಅಮೆರಿಕದವರ ಸ್ವತ್ತೇನೂ ಅಲ್ಲ. ಗುಬ್ಬಿಯಲ್ಲಿ 1884ರಲ್ಲಿ ಚನ್ನಬಸವೇಶ್ವರ ಸ್ವಾಮಿಯ ಹೆಸರು ಹೊತ್ತು ಹುಟ್ಟಿದ ನಾಟಕ ಮಂಡಳಿ, ಮುಂದೆ ವೀರಣ್ಣನವರ ಒಡೆತನದಲ್ಲಿ ರಂಗದ ಮೇಲೆ ನಿಜವಾದ ಆನೆ ಕುದುರೆಗಳನ್ನೇ ತಂದು 'ಕುರುಕ್ಷೇತ್ರ' ಪ್ರದರ್ಶಿಸಿತು. ಆನೆಯನ್ನು ರಂಗಕ್ಕೆ ಹೇಗೆ ಹತ್ತಿಸುತ್ತಾರೆ, ಅದು ಜನರ ಮೇಲೆ ನುಗ್ಗಿದರೆ ಗತಿಯೇನು ಎಂದು ಆ ಕಾಲದ ಪ್ರೇಕ್ಷಕರು ಮಾತಾಡಿಕೊಳ್ಳದೆ ಇದ್ದಾರೆಯೆ? ಆದರೆ ಒಂದು ಭೇದವನ್ನು ಮರೆಯಬಾರದು. 'ಕುರುಕ್ಷೇತ್ರ'ದ ಕಥೆ ಕೂಸಿಗೂ ಗೊತ್ತಿದ್ದುದರಿಂದ ಜನ ಊಹಿಸಿದ್ದು ಯಾರು ಆಡುತ್ತಾರೆ, ಹೇಗೆ ಆಡುತ್ತಾರೆ ಎಂಬುದನ್ನು ಮಾತ್ರ. ಈಗಿನವರು ಕಥೆಯನ್ನೇ ಊಹಿಸಬೇಕು. ಕರಪತ್ರ ಹಂಚಿದ ವಾರದೊಳಗೆ ಪರದೆ ಏಳುತ್ತಿತ್ತು. ಇಲ್ಲಿ ಕರಪತ್ರ ಹಂಚಿದಾಗ ಪಿಯುಸಿಯಲ್ಲಿದ್ದ ಹುಡುಗ ಈಗ ಸಂಬಳ ಎಣಿಸುತ್ತಿದ್ದಾನೆ. 2023ರ ಆಗಸ್ಟಿನಲ್ಲಷ್ಟೇ ಪೂರ್ವಸಿದ್ಧತೆ ಮುಗಿದು ಕೆಲಸ ಆರಂಭಿಕ ಹಂತಕ್ಕೆ ಬಂದಿದೆಯೆಂದು ಸಂಸ್ಥೆ ಹೇಳಿತು. ಅಂದಮೇಲೆ 2018ರಲ್ಲಿ ತೋರಿಸಿದ ಬೆಟ್ಟಕ್ಕೆ ಏನರ್ಥ? ಮುಗಿಯದ ಮನೆಯ ಗೃಹಪ್ರವೇಶಕ್ಕೆ ಆಮಂತ್ರಣ ಕೊಟ್ಟಂತಾಯಿತು ಎಂಬುದೇ ನಮ್ಮ ಆಕ್ಷೇಪಣೆ.

ಹೀಗೆ ಕಾದವರಲ್ಲಿ ಒಬ್ಬ ಅಜ್ಜಿಯೂ ಇದ್ದಾರೆಂದರೆ ನಮ್ಮ ಓದುಗ ತಾಯಂದಿರು ನಂಬಲಿಕ್ಕಿಲ್ಲ. 1936ರಲ್ಲಿ ಹುಟ್ಟಿದ ಅಮೆರಿಕದ ಶರ್ಲಿ ಕರ್ರಿ ಅವರಿಗೆ ಗಣಕದ ಆಟವನ್ನು ಮೊದಲು ಕಲಿಸಿದ್ದು ಅವರ ಮಗ, 1990ರ ದಶಕದಲ್ಲಿ. ತಾವು 'ಸ್ಕೈರಿಮ್' ಆಡುವುದನ್ನು ಅವರು 2015ರಿಂದ ಯೂಟ್ಯೂಬಿನಲ್ಲಿ ತೋರಿಸತೊಡಗಿದಾಗ ಲೋಕದ ತರುಣರೆಲ್ಲ ಅವರ ಮೊಮ್ಮಕ್ಕಳಾದರು. ಅವರೂ ನೋಡುಗರನ್ನು ಹಾಗೆಯೇ ಕರೆಯುತ್ತಿದ್ದರು. ಆಟ ಬರುವವರೆಗೆ ತಾವು ಇರುತ್ತೇವೋ ಇಲ್ಲವೋ ಎಂಬ ಮಾತನ್ನು ಆಕೆ ಆಡಿದ್ದುಂಟು. ಅಭಿಮಾನಿಗಳು ಸುಮ್ಮನಿರಲಿಲ್ಲ. ಸಾವಿರಾರು ಜನ ಸಹಿ ಹಾಕಿ ಸಂಸ್ಥೆಯನ್ನು ಕೇಳಿಕೊಂಡರು. ಮುಂದಿನ ಆಟದಲ್ಲಿ ಶರ್ಲಿ ಎಂಬ ಹೆಸರಿನ ಪಾತ್ರವೇ ಇರುವುದೆಂದು 2019ರಲ್ಲಿ ಸಂಸ್ಥೆ ಪ್ರಕಟಿಸಿತು. ಊಹಾಪೋಹದ ಈ ದೊಡ್ಡ ಸಂತೆಯಲ್ಲಿ ಖಚಿತವಾಗಿ ತಿಳಿದಿರುವ ಕೆಲವೇ ಸಂಗತಿಗಳಲ್ಲಿ ಇದೊಂದು. ಆ ನಾಡು ಯಾವುದೇ ಆಗಲಿ, ಅಲ್ಲಿ ಒಬ್ಬ ಅಜ್ಜಿ ಇರುತ್ತಾರೆ.

ಹಣದ ಮಾತಿಗೆ ಬರೋಣ. ಇಂತಹ ಆಟವನ್ನು ಪುಸ್ತಕದಂತೆ ಬೆಲೆ ಕೊಟ್ಟು ಕೊಳ್ಳುತ್ತಾರೆ. ಅದರಲ್ಲಿ ಪಣವಿಲ್ಲ, ಸೋತರೆ ಕಳೆದುಕೊಳ್ಳುವುದು ಹೊತ್ತನ್ನು ಮಾತ್ರ. 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಆಟಗಳ ಕಾಯಿದೆ ಕೂಡ ಈ ಭೇದವನ್ನು ಮಾಡಿದೆ. ಹಣವನ್ನು ಒಡ್ಡಿ ಆಡುವ ಆಟ ಚಾತುರ್ಯದ್ದಾಗಲಿ ಅದೃಷ್ಟದ್ದಾಗಲಿ ಅದನ್ನು ನಿಷೇಧಿಸಿ, ಉಳಿದ ಆಟಗಳನ್ನು ಬೇರೆಯಾಗಿ ಇರಿಸಿದೆ. ಆದುದರಿಂದ ರಮ್ಮಿಯ ಭಯವನ್ನು ಇಲ್ಲಿಗೆ ತರಬೇಕಾಗಿಲ್ಲ. ತರಬೇಕಾದ ಭಯಗಳು ಬೇರೆ. 2006ರಲ್ಲಿ ಇದೇ ಸಂಸ್ಥೆ ತನ್ನ 'ಒಬ್ಲಿವಿಯನ್' ಆಟದ ಕುದುರೆಗೆ ತೊಡಿಸುವ ಕವಚವನ್ನು ಎರಡೂವರೆ ಡಾಲರಿಗೆ, ಎಂದರೆ ಆಗಿನ ಲೆಕ್ಕದಲ್ಲಿ ನೂರು ರೂಪಾಯಿಗೂ ಮೇಲೆ ಮಾರಿತು. ಇಲ್ಲದ ಕುದುರೆಗೆ ಇಲ್ಲದ ಕವಚ! ಜನ ನಕ್ಕರು, ಬೈದರು, ಕೊಂಡರು. ಆಟದೊಳಗಿನ ಚಿಲ್ಲರೆ ವ್ಯಾಪಾರಕ್ಕೆ ದಾರಿ ತೋರಿಸಿದ್ದು ಆ ಕವಚ. ಹೊಸ ಆಟ ಬರುವ ಮುನ್ನವೇ ಮುಂಗಡ ಕೊಡಿ ಎಂಬ ಕರೆ ಬಂದೇ ಬರುತ್ತದೆ. ಏಳೆಂಟು ವರ್ಷ ಕಾದವನ ಕೈ ಆಗ ಜೇಬಿನ ಕಡೆಗೆ ತಾನಾಗಿ ಹೋಗುತ್ತದೆ. ಆಟ ಬಂದು, ನಾಲ್ಕು ಜನ ಆಡಿ, ಚೆನ್ನಾಗಿದೆಯೆಂದು ಹೇಳಿದ ಮೇಲೆ ಕೊಂಡರೆ ಆಗುವ ನಷ್ಟವೇನು? ಇನ್ನೊಂದು ವಿಷಯ: 'ಸ್ಕೈರಿಮ್' ಆಟವನ್ನು ಅಮೆರಿಕದ ವರ್ಗೀಕರಣ ಮಂಡಳಿ 17 ವರ್ಷ ತುಂಬಿದವರಿಗೆ ಮಾತ್ರ ತಕ್ಕದ್ದೆಂದು ಗುರುತಿಸಿದೆ. ಕತ್ತಿ, ರಕ್ತ, ಮದ್ಯ ಎಲ್ಲವೂ ಅದರಲ್ಲಿವೆ. ಎಂಟನೆಯ ತರಗತಿಯ ಮಗುವಿಗೆ ಅಣ್ಣ ಆಡುವನೆಂಬ ಕಾರಣಕ್ಕೆ ಅದನ್ನು ಒಪ್ಪಿಸುವುದು ಸರಿಯಲ್ಲ.

ಗುಬ್ಬಿಯ ಸಮೀಪದ ಒಂದು ಮನೆಯ ಸಂಗತಿ ನಮಗೆ ತಿಳಿದಿದೆ. ಬಂಧುವೊಬ್ಬರು ಮೊಬೈಲ್ ಜೂಜಿನಲ್ಲಿ ಹಾಳಾದುದನ್ನು ಕಂಡಿದ್ದ ತಂದೆ, ಇಂಜಿನಿಯರಿಂಗ್ ಓದುವ ಮಗ ಆಟದ ಮಾತೆತ್ತಿದರೆ ಸಿಡಿಯುತ್ತಿದ್ದರು. ಮಗ ಮಾತನ್ನೇ ಬಿಟ್ಟ. ಊಟಕ್ಕೆ ಕುಳಿತರೂ ತಲೆ ಎತ್ತುತ್ತಿರಲಿಲ್ಲ. ಎರಡು ವರ್ಷ ಹೀಗೆ ನಡೆಯಿತು. ಒಮ್ಮೆ ತಾಯಿಯ ಒತ್ತಾಯಕ್ಕೆ ಆ ಹುಡುಗ ನಕ್ಷೆಯನ್ನು ತೆರೆದು ತೋರಿಸಿ, "ಅಪ್ಪಾಜಿ, ಇದರಲ್ಲಿ ದುಡ್ಡಿಲ್ಲ, ಪಾತ್ರ ಇದೆ" ಎಂದನಂತೆ. ಯೌವನದಲ್ಲಿ ಎರಡು ಬಾರಿ ಕರ್ಣನ ಪಾತ್ರ ಮಾಡಿದ್ದ ತಂದೆ ಸ್ವಲ್ಪ ಹೊತ್ತು ನೋಡಿ, "ಈ ನಾಡಿಗೂ ಆ ನಾಡಿಗೂ ಜಗಳ ಯಾಕೆ?" ಎಂದು ಕೇಳಿದರಂತೆ. ಅವರು ಆಟವನ್ನು ಒಪ್ಪಿಬಿಟ್ಟರೆಂದಲ್ಲ. ರಾತ್ರಿ ಹತ್ತರ ನಂತರ ಗಣಕ ಮುಚ್ಚಬೇಕೆಂಬ ಕಟ್ಟಳೆ ಇಂದಿಗೂ ಇದೆ. ಊಟದ ಹೊತ್ತಿನ ಮೌನ ಮಾತ್ರ ಹೋಗಿದೆ.

ಇಷ್ಟು ಬರೆಯುವಾಗ ನಾವೂ ಒಂದು ಪಕ್ಷ ಹಿಡಿಯದೆ ಇರಲಾಗಲಿಲ್ಲ. ಇಲಿಯಾಕ್ ಕೊಲ್ಲಿಯ ಎರಡೂ ದಡಗಳನ್ನು 1996ರ 'ಡ್ಯಾಗರ್‌ಫಾಲ್' ಆಟದಲ್ಲಿ ಒಮ್ಮೆ ತೋರಿಸಿ ಆಗಿದೆ, ಮತ್ತೆ ಅಲ್ಲಿಗೇ ಏಕೆ ಹೋಗುತ್ತಾರೆ ಎಂದು ವಾದಿಸುವವರಿದ್ದಾರೆ. ಆದರೆ ಆ ಆಟ ಬಂದಾಗ ಈಗ ಕಾಯುತ್ತಿರುವವರಲ್ಲಿ ಅನೇಕರು ಹುಟ್ಟಿರಲೇ ಇಲ್ಲ. ಒಂಟಿಯಾಗಿ ನಿಂತು ಗೆದ್ದ ಜನದ ಕಥೆ ಹೇಳದೆ ಬಿಡುವಂತಹದಲ್ಲವಾದುದರಿಂದ ನಮ್ಮ ಮತ ಹ್ಯಾಮರ್‌ಫೆಲ್‌ಗೆ. ಹಿಂದಿನ ಮೂರೂ ಆಟಗಳಲ್ಲಿ ನಾಯಕ ಸೆರೆಯಾಳಾಗಿಯೇ ಮೊದಲು ಕಾಣಿಸಿಕೊಂಡಿದ್ದಾನೆ. ಈ ಬಾರಿಯೂ ಕೈಗೆ ಕೋಳ ತೊಟ್ಟೇ ಬರುತ್ತಾನೆ. ಪಣವೊಡ್ಡಲು ಹೊಸ ಕಾಯಿದೆ ಅಡ್ಡ ಬರುವುದರಿಂದ ಸುಮ್ಮನೆ ಬರೆದಿಟ್ಟಿದ್ದೇವೆ. ಮನೆಯ ಹುಡುಗರಿಗೆ ಒಪ್ಪಿಗೆಯಾಗದಿದ್ದರೆ ಕಾರಣ ಸಹಿತ ಪತ್ರ ಬರೆಯಲಿ, ಕನ್ನಡದಲ್ಲಿ.