ವಕೀಲಮ್ಮನ ಹಾದಿ

ಮಾಮೂಲ್‌ಪೇಟೆಯ ಗಲ್ಲಿಗಳಲ್ಲಿ ಸಂಜೆಯ ಹೊತ್ತು ಕೈಗಾಡಿಗಳ ನಡುವೆ ದಾರಿ ಮಾಡಿಕೊಂಡು ಬರುವುದೇ ಒಂದು ಸಾಹಸ. ಅಂಥ ಒಂದು ಸಂಜೆ, ನಾನು ಅಸರ್ ನಮಾಝ್ ಮುಗಿಸಿ ಚಹಾಕ್ಕೆ ನೀರಿಟ್ಟಿದ್ದೆ. ಆಗ ಪಕ್ಕದ ಗಲ್ಲಿಯ ಒಬ್ಬ ತಾಯಿ ಮಗಳನ್ನು ಕರೆದುಕೊಂಡು ಬಂದರು. ಹುಡುಗಿ ಪಿಯುಸಿಯಲ್ಲಿ ಒಳ್ಳೆಯ ಅಂಕ ಪಡೆದಿದ್ದಾಳೆ. ಅವಳಿಗೆ ಕಾನೂನು ಓದಬೇಕೆಂಬ ಆಸೆ. ಮನೆಯಲ್ಲಿ ಅಜ್ಜಿಯಿಂದ ಹಿಡಿದು ಚಿಕ್ಕಪ್ಪನವರೆಗೆ ಯಾರಿಗೂ ಇಷ್ಟವಿಲ್ಲ.

"ಟೀಚರ್ ಆಗ್ತೀನಿ ಅಂದಿದ್ರೆ ಯಾರೂ ಬೇಡ ಅಂತಿರಲಿಲ್ಲ ಆಪಾ. ಕೋರ್ಟು, ಕಚೇರಿ, ಪೊಲೀಸ್ ಸ್ಟೇಷನ್ನು ಅಂತ ಅಲೆಯೋ ಹುಡುಗಿಗೆ ಗಂಡು ಎಲ್ಲಿ ಸಿಗ್ತದೆ? ನೀವೇ ಸ್ವಲ್ಪ ಬುದ್ಧಿ ಹೇಳಿ" ಎಂದರು ತಾಯಿ. ಹುಡುಗಿ ತಲೆ ತಗ್ಗಿಸಿ ದುಪಟ್ಟಾದ ಅಂಚು ಸುತ್ತುತ್ತಾ ಕೂತಿದ್ದಳು.

ಬುದ್ಧಿ ಹೇಳುವ ಕೆಲಸ ನನಗೆ ಅಷ್ಟಾಗಿ ಬರುವುದಿಲ್ಲ. ಅದಕ್ಕೆ ನಮ್ಮದೇ ರಾಜ್ಯದ, ನಮ್ಮದೇ ಸಮುದಾಯದ ಒಬ್ಬ ವಕೀಲೆಯ ಕಥೆ ಹೇಳಿದೆ. ಅಂದು ಹೇಳಿದ್ದನ್ನೇ ಇಲ್ಲಿ ನಿಮ್ಮ ಮುಂದೆಯೂ ಇಡುತ್ತಿದ್ದೇನೆ.

ಹಾಸನದ ಬಾನು ಮುಷ್ತಾಕ್ ಅವರ ಹೆಸರು 2025ರ ಮೇ 20ರ ನಂತರ ಎಲ್ಲರಿಗೂ ಗೊತ್ತು. ಅಂದು ಲಂಡನ್ನಿನಲ್ಲಿ ಅವರ 'ಹಾರ್ಟ್ ಲ್ಯಾಂಪ್' ಕಥಾಸಂಕಲನಕ್ಕೆ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಕನ್ನಡಕ್ಕೆ ಈ ಪ್ರಶಸ್ತಿ ಬಂದದ್ದು ಅದೇ ಮೊದಲು. ಕಥಾಸಂಕಲನವೊಂದಕ್ಕೆ ಬಂದದ್ದೂ ಅದೇ ಮೊದಲು. ಇಂಗ್ಲಿಷಿಗೆ ಅನುವಾದಿಸಿದ ಕೊಡಗಿನ ದೀಪಾ ಭಾಸ್ತಿಯವರೊಂದಿಗೆ 50,000 ಪೌಂಡುಗಳ ಬಹುಮಾನವನ್ನು ಅವರು ಸಮನಾಗಿ ಹಂಚಿಕೊಂಡರು. ಆದರೆ ಆ ತಾಯಿ-ಮಗಳಿಗೆ ನಾನು ಹೇಳಿದ್ದು ಪ್ರಶಸ್ತಿಯ ಕಥೆಯನ್ನಲ್ಲ. ಅದಕ್ಕೂ ಹಿಂದಿನ ಎಪ್ಪತ್ತೇಳು ವರ್ಷಗಳ ಕಥೆಯನ್ನು.

ಅವರು ಹುಟ್ಟಿದ್ದು 1948ರಲ್ಲಿ. ಮನೆಮಾತು ದಖನಿ ಉರ್ದು. ನಮ್ಮ ಹೆಚ್ಚಿನ ಮನೆಗಳಂತೆ ಅಲ್ಲಿಯೂ ಹೆಣ್ಣುಮಗು ಉರ್ದು ಶಾಲೆಗೆ ಹೋಗಿ ನಾಲ್ಕಕ್ಷರ ಕಲಿತರೆ ಸಾಕಿತ್ತು. ಆದರೆ ಸರಕಾರಿ ನೌಕರರಾಗಿದ್ದ ತಂದೆ ಎಂಟು ವರ್ಷದ ಮಗಳ ಕೈಹಿಡಿದು ಶಿವಮೊಗ್ಗದ ಕನ್ನಡ ಮಾಧ್ಯಮದ ಕಾನ್ವೆಂಟ್ ಶಾಲೆಗೆ ಹೋದರು. ಶಾಲೆಯವರು ಒಂದು ಷರತ್ತು ಹಾಕಿದರು: ಆರು ತಿಂಗಳಲ್ಲಿ ಕನ್ನಡ ಓದಲು, ಬರೆಯಲು ಕಲಿಯಬೇಕು, ಇಲ್ಲದಿದ್ದರೆ ಶಾಲೆ ಬಿಡಬೇಕು. ಹುಡುಗಿ ಕೆಲವೇ ದಿನಗಳಲ್ಲಿ ಬರೆಯತೊಡಗಿದಳು. ಆ ತಂದೆ ಅಂದು ಮತ್ತೊಂದು ಬಾಗಿಲು ತಟ್ಟಿದ್ದರೆ ಇಂದು ಈ ಹೆಸರು ನಮಗೆ ಗೊತ್ತಿರುತ್ತಿತ್ತೇ? ಸುಪ್ರೀಂ ಕೋರ್ಟಿನ ಮೊದಲ ಮಹಿಳಾ ನ್ಯಾಯಾಧೀಶೆ, ಕೇರಳದ ಎಂ. ಫಾತಿಮಾ ಬೀವಿಯವರ ಹಿಂದೆಯೂ ಹೀಗೆಯೇ ಒಬ್ಬ ತಂದೆ ಇದ್ದರು. ಅವರೇ ಮಗಳನ್ನು ಕಾನೂನು ಓದಲು ಹುರಿದುಂಬಿಸಿದ್ದು. 1950ರಲ್ಲಿ ವಕೀಲೆಯಾಗಿ ನೋಂದಾಯಿಸಿಕೊಂಡ ಆ ಹುಡುಗಿ 1989ರಲ್ಲಿ ಸುಪ್ರೀಂ ಕೋರ್ಟಿನ ಪೀಠದಲ್ಲಿ ಕೂತರು. 2023ರ ನವೆಂಬರಿನಲ್ಲಿ ತೀರಿಕೊಂಡಾಗ ಅವರಿಗೆ 96 ವರ್ಷ.

ಮತ್ತೆ ಬಾನು ಅವರ ವಿಷಯಕ್ಕೆ ಬರೋಣ. 26ನೇ ವಯಸ್ಸಿನಲ್ಲಿ ತಾವೇ ಮೆಚ್ಚಿದವರನ್ನು ಮದುವೆಯಾದರು. ಇಲ್ಲಿಂದ ಎಲ್ಲವೂ ಸುಗಮ ಎಂದುಕೊಳ್ಳಬೇಡಿ. ಮದುವೆಯ ನಂತರ ಬುರ್ಖಾ ಹಾಕಿಕೊಂಡು ಮನೆಯೊಳಗೇ ಇರಬೇಕೆಂಬ ಒತ್ತಡ ಬಂತು. 29ನೇ ವಯಸ್ಸಿಗೆ, ಬಾಣಂತನದ ಖಿನ್ನತೆಯ ದಿನಗಳಲ್ಲಿ, ಒಮ್ಮೆ ಮೈಮೇಲೆ ಪೆಟ್ರೋಲ್ ಸುರಿದುಕೊಂಡದ್ದನ್ನು ಅವರೇ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ಪತಿ ಓಡಿ ಬಂದು ಬೆಂಕಿಪೊಟ್ಟಣ ಕಿತ್ತುಕೊಂಡರು. ಮಗುವನ್ನು ಅವರ ಕಾಲ ಬಳಿ ಮಲಗಿಸಿ, ನಮ್ಮನ್ನು ಬಿಟ್ಟುಹೋಗಬೇಡ ಎಂದು ಅತ್ತರು. ಇದನ್ನು ಹೇಳುವಾಗ ಆ ತಾಯಿಯ ಮುಖ ನೋಡಿದೆ. ಬಾಣಂತಿಯ ಮನಸ್ಸಿನ ಕತ್ತಲೆಯನ್ನು 'ನಖ್ರಾ' ಎಂದೋ 'ಜಿನ್ನ್' ಎಂದೋ ತಳ್ಳಿಹಾಕುವ ಮನೆಗಳು ಈಗಲೂ ಎಷ್ಟಿಲ್ಲ! ಅದು ಕಾಯಿಲೆ. ವೈದ್ಯರ ಬಳಿ ಹೋಗಬೇಕಾದ ಕಾಯಿಲೆ.

ಬರವಣಿಗೆ ಅವರ ಕೈಹಿಡಿಯಿತು. ಮೊದಲ ಕಥೆ 'ಪ್ರಜಾಮತ'ದಲ್ಲಿ ಬಂತು. ಸುಮಾರು ಒಂದು ದಶಕ ಕಾಲ 'ಲಂಕೇಶ್ ಪತ್ರಿಕೆ'ಗೆ ವರದಿಗಾರ್ತಿಯಾದರು. ಬಂಡಾಯ ಸಾಹಿತ್ಯ ಚಳವಳಿಯಲ್ಲಿದ್ದರು, ಹಾಸನದ ನಗರಸಭೆಗೂ ಆರಿಸಿಬಂದರು. 1990ರ ಹೊತ್ತಿಗೆ, ಸಂಸಾರಕ್ಕೆ ಆಧಾರವಾಗಬೇಕೆಂದು ವಕೀಲಿಯನ್ನು ವೃತ್ತಿಯಾಗಿ ಹಿಡಿದರು. ಆಗ ಅವರಿಗೆ ನಲವತ್ತು ದಾಟಿತ್ತು. "ಇನ್ನೇನು ಓದು, ಮಕ್ಕಳು ದೊಡ್ಡವರಾದರು" ಎನ್ನುವ ಸಹೋದರಿಯರು ಈ ವಯಸ್ಸನ್ನು ಸ್ವಲ್ಪ ನೆನಪಿಟ್ಟುಕೊಳ್ಳಲಿ. ಪದವಿ ಮುಗಿಸಿದವರಿಗೆ ಕಾನೂನು ಓದು ಮೂರೇ ವರ್ಷ.

ಅವರ ಬಳಿ ಬಂದವರಲ್ಲಿ ಹೆಂಗಸರು ಬಹಳ. ಗಂಡ ಬಿಟ್ಟವಳು, ಮೆಹರ್ ಸಿಗದವಳು, ಅಣ್ಣಂದಿರು ಆಸ್ತಿಯಲ್ಲಿ ಪಾಲು ಕೊಡದವಳು. ಗಂಡಸಿನ ಮುಂದೆ ಬಾಯಿಬಿಟ್ಟು ಹೇಳಲಾಗದ್ದನ್ನು ಅವರು ಈ ವಕೀಲಮ್ಮನ ಮುಂದೆ ಹೇಳಿಕೊಂಡರು. ಅಂಥ ಮಾತುಗಳಿಂದಲೇ ತಮ್ಮ ಕಥೆಗಳು ಹುಟ್ಟಿದವು ಎಂದು ಬಾನು ಹೇಳುತ್ತಾರೆ. ಗಂಡ ಕೈಬಿಟ್ಟ ಬಡವಿಯೊಬ್ಬಳು ಮಗುವನ್ನು ಎತ್ತಿಕೊಂಡು ನ್ಯಾಯಕ್ಕಾಗಿ ಮಸೀದಿಯ ಮುಂದೆ ಕೂರುವ ಅವರ 'ಕರಿ ನಾಗರಗಳು' ಕಥೆಯನ್ನು ಗಿರೀಶ್ ಕಾಸರವಳ್ಳಿಯವರು 'ಹಸೀನಾ' ಎಂದು ಸಿನೆಮಾ ಮಾಡಿದರು. ಆ ಪಾತ್ರಕ್ಕೆ ತಾರಾ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಆ ಕಥೆ ಓದಿದಾಗ ನನಗೆ ಕೋಪ ಬಂದಿತ್ತು. ನಮ್ಮ ಮನೆಯ ಕೊಳಕನ್ನು ಬೀದಿಗೆ ಹಾಕುವುದೇಕೆ ಎಂದು. ಕೋಪ ಇಳಿದ ಮೇಲೆ, ಕೊಳಕು ಮನೆಯಲ್ಲಿದೆ ಎಂಬುದನ್ನಂತೂ ಅಲ್ಲಗಳೆಯಲಾಗಲಿಲ್ಲ.

2000ದಲ್ಲಿ ಅವರು ಮಹಿಳೆಯರಿಗೆ ಮಸೀದಿ ಪ್ರವೇಶ ಬೇಕೆಂದರು. ಅದಕ್ಕೆ ಸಿಕ್ಕ ಉತ್ತರ ಮೂರು ತಿಂಗಳ ಸಾಮಾಜಿಕ ಬಹಿಷ್ಕಾರ, ಫೋನಿನಲ್ಲಿ ಬೆದರಿಕೆ. ಒಬ್ಬ ಚಾಕು ಹಿಡಿದು ಬಂದ. ಪತಿ ಅವನನ್ನು ತಡೆದರು. ಪ್ರವಾದಿವರ್ಯರ(ಸ) ಮಸೀದಿಯಲ್ಲಿ ಮಹಿಳೆಯರು ನಮಾಝ್ ಮಾಡುತ್ತಿದ್ದರು, ಅವರನ್ನು ತಡೆಯಬಾರದೆಂದು ಪ್ರವಾದಿಯವರೇ(ಸ) ಹೇಳಿದ್ದರು ಎಂಬುದು ಮದ್ರಸದ ಮಗುವಿಗೂ ಗೊತ್ತಿರುವ ವಿಷಯ. 2020ರಲ್ಲಿ ಅಖಿಲ ಭಾರತ ಮುಸ್ಲಿಮ್ ಪರ್ಸನಲ್ ಲಾ ಬೋರ್ಡ್ ಸುಪ್ರೀಂ ಕೋರ್ಟಿಗೆ ಪ್ರಮಾಣಪತ್ರ ಸಲ್ಲಿಸಿ, ನಮಾಝ್‌ಗಾಗಿ ಮಹಿಳೆಯರು ಮಸೀದಿ ಪ್ರವೇಶಿಸಲು ಅನುಮತಿ ಇದೆ ಎಂದಿತು. ಹಾಗಾದರೆ ಇಪ್ಪತ್ತು ವರ್ಷ ಮೊದಲು ಹಾಸನದ ಆ ಮನೆಯವರಿಗೆ ಸಲಾಮ್ ಹೇಳುವುದನ್ನೂ ನಿಲ್ಲಿಸಿದ್ದು ಯಾವ ದೀನ್‌ಗಾಗಿ? ಅವರ ಎಲ್ಲ ಮಾತುಗಳನ್ನು ನಾನು ಒಪ್ಪುವವಳಲ್ಲ. ಒಪ್ಪದಿರುವುದು ಬೇರೆ, ಬಹಿಷ್ಕರಿಸುವುದು ಬೇರೆ. ಆ ಮೂರು ತಿಂಗಳ ಲೆಕ್ಕ ನಾವು ಇನ್ನೂ ತೀರಿಸಿಲ್ಲ.

ಇನ್ನೊಂದು ಮುಖವನ್ನೂ ನೋಡಿ. ಬಾಬಾ ಬುಡನ್‌ಗಿರಿಯ ದರ್ಗಾಕ್ಕೆ ಮುಸ್ಲಿಮರು ಹೋಗದಂತೆ ತಡೆಯುವ ಯತ್ನ ನಡೆದಾಗ ಕೋಮು ಸೌಹಾರ್ದ ವೇದಿಕೆಯೊಂದಿಗೆ ನಿಂತು ಪ್ರತಿಭಟಿಸಿದವರಲ್ಲಿ ಇದೇ ಬಾನು ಇದ್ದರು. 2025ರಲ್ಲಿ ಸರಕಾರ ಅವರನ್ನು ಮೈಸೂರು ದಸರಾ ಉದ್ಘಾಟನೆಗೆ ಕರೆದಾಗ ಈ ಬಾರಿ ಬೇರೆಯವರು ಎದ್ದು ನಿಂತರು, ಮುಸ್ಲಿಮಳು ಬರಕೂಡದೆಂದು. ಹೈಕೋರ್ಟು ಆ ಅರ್ಜಿಗಳನ್ನು ವಜಾ ಮಾಡಿತು, ಸುಪ್ರೀಂ ಕೋರ್ಟೂ ಒಪ್ಪಲಿಲ್ಲ. ಸೆಪ್ಟೆಂಬರ್ 22ರಂದು ಅವರು ಉದ್ಘಾಟಿಸಿದರು. ಆ ಕಾರ್ಯಕ್ರಮದ ಬಗ್ಗೆ ನಮ್ಮ ಮನೆಗಳಲ್ಲೂ ಎರಡು ಅಭಿಪ್ರಾಯ ಇತ್ತು, ನಮ್ಮ ಊಟದ ದಸ್ತರ್‌ಖ್ವಾನಿನ ಸುತ್ತಲೇ ಇತ್ತು. ಆದರೆ ಇವರು ಎರಡು ಕಡೆಯವರ ಕಲ್ಲಿಗೂ ಎದೆಯೊಡ್ಡಿದವರು ಎಂಬುದಕ್ಕೆ ಯಾರೂ ಇಲ್ಲವೆನ್ನಲಿಲ್ಲ.

ಇಷ್ಟು ಕೇಳಿದ ತಾಯಿ, "ಅವರು ದೊಡ್ಡವರು ಆಪಾ. ನಮ್ಮಂಥವರ ಮನೆಯ ಹುಡುಗಿಗೆ ಇದೆಲ್ಲ ಆಗ್ತದಾ?" ಎಂದರು.

ದೊಡ್ಡವರ ಮನೆಯ ಮಾತು ಬೇಡ, ಕಾಡಿನ ಮನೆಯ ಮಾತು ಕೇಳಿ ಎಂದೆ. ತಮಿಳುನಾಡಿನ ಬೆಟ್ಟಗಳ ಮಲಯಾಳಿ ಎಂಬ ಬುಡಕಟ್ಟಿನ ಶ್ರೀಪತಿ ಎಂಬ ಹುಡುಗಿ ಕಾನೂನು ಓದಿ, ಹೆರಿಗೆಯಾದ ಕೆಲವೇ ದಿನಗಳಲ್ಲಿ ಬೆಟ್ಟ ಇಳಿದು ಚೆನ್ನೈಗೆ ಹೋಗಿ ಪರೀಕ್ಷೆ ಬರೆದು, 23ನೇ ವಯಸ್ಸಿಗೆ ಸಿವಿಲ್ ನ್ಯಾಯಾಧೀಶೆಯಾಗಿ ಆಯ್ಕೆಯಾದಳು. 2024ರ ಫೆಬ್ರವರಿಯಲ್ಲಿ ಪತ್ರಿಕೆಗಳ ತುಂಬ ಅದೇ ಸುದ್ದಿ. ಅವಳೊಂದಿಗೆ ಗಂಡ ಇದ್ದ, ತಾಯಿ ಇದ್ದರು. ನಮ್ಮ ಮಾಮೂಲ್‌ಪೇಟೆಯ ಹುಡುಗಿಗೆ ಬೆಟ್ಟ ಇಳಿಯುವ ಕಷ್ಟವೂ ಇಲ್ಲ. ಕಾನೂನಿನ ಪುಸ್ತಕಕ್ಕೆ ಅವೆನ್ಯೂ ರಸ್ತೆಗೆ ನಡೆದೇ ಹೋಗಬಹುದು.

ಆಗ ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಬೇರೆಯೇ ವಿಷಯ ತೆಗೆದರು. ಅವರ ತಂಗಿಯ ಗಂಡ ಕೊಲ್ಲಿಗೆ ಹೋಗಿ ಐದು ವರ್ಷ. ಫೋನಿಲ್ಲ, ಹಣವಿಲ್ಲ, ಬದುಕಿದ್ದಾನೋ ಇಲ್ಲವೋ ಎಂಬುದೂ ಗೊತ್ತಿಲ್ಲ. ತಂಗಿ ಝರಿ ಕೆಲಸ ಮಾಡಿ ಮಗನನ್ನು ಓದಿಸುತ್ತಿದ್ದಾಳೆ. ಹಿರಿಯರೆಲ್ಲ ಸಬ್ರ್ ಮಾಡು ಎನ್ನುತ್ತಾರೆ. ಒಮ್ಮೆ ವಕೀಲರೊಬ್ಬರ ಬಳಿ ಹೋಗಿದ್ದಳಂತೆ. ಅಲ್ಲಿ ನಾಲ್ಕು ಗಂಡಸರ ಮುಂದೆ ಏನೂ ಹೇಳಲಾಗದೆ ವಾಪಸ್ ಬಂದಳಂತೆ.

ಸಬ್ರ್ ದೊಡ್ಡ ಮಾತು. ಆದರೆ ಖೌಲಾ ಬಿನ್ತ್ ಸಅಲಬಾ(ರ) ಅವರನ್ನು ನೆನೆಯಿರಿ. ಗಂಡ ಕೋಪದಲ್ಲಿ, ನೀನು ನನಗೆ ತಾಯಿಯ ಬೆನ್ನಿನಂತೆ ಎಂದುಬಿಟ್ಟ. ಅಂದಿನ ಅರಬ್ ಪದ್ಧತಿಯಲ್ಲಿ ಅತ್ತ ಹೆಂಡತಿಯೂ ಅಲ್ಲ, ಇತ್ತ ಬಿಡುಗಡೆಯೂ ಇಲ್ಲ. ಆಕೆ ಸುಮ್ಮನೆ ಕೂರಲಿಲ್ಲ. ಪ್ರವಾದಿವರ್ಯರ(ಸ) ಬಳಿ ಬಂದು ತನ್ನ ಪ್ರಕರಣವನ್ನು ಮಂಡಿಸಿದರು, ಮರುವಾದ ಮಾಡಿದರು. ಅಲ್ಲಾಹನು ಆಕೆಯ ಮಾತನ್ನು ಆಲಿಸಿದನು, ಆ ಕೆಟ್ಟ ಪದ್ಧತಿಯೇ ರದ್ದಾಯಿತು. ಕುರ್‌ಆನಿನ 58ನೇ ಅಧ್ಯಾಯದ ಹೆಸರೇ 'ಅಲ್ ಮುಜಾದಿಲಾ', ವಾದಿಸಿದವಳು ಎಂದರ್ಥ. ವಾದ ಮಾಡುವ ಹೆಣ್ಣು ಕೆಟ್ಟವಳು ಎನ್ನುವ ಅಜ್ಜಿಗೆ ಈ ಅಧ್ಯಾಯದ ಅನುವಾದ ಓದಿ ಹೇಳು ಎಂದು ಹುಡುಗಿಗೆ ಹೇಳಿದೆ. ಅವಳು ಮೊದಲ ಬಾರಿಗೆ ನಕ್ಕಳು.

ಇನ್ನು ಆ ತಂಗಿಯ ಪ್ರಶ್ನೆ. 1939ರ ಮುಸ್ಲಿಮ್ ವಿವಾಹ ವಿಸರ್ಜನಾ ಕಾಯ್ದೆ ನಮ್ಮ ಹೆಂಗಸರಿಗೆ ಏಕೆ ಗೊತ್ತಿಲ್ಲವೋ ನನಗೆ ಆಶ್ಚರ್ಯ. ಇದು ಯಾರೋ ಹೊರಗಿನವರು ಹೇರಿದ ಕಾನೂನಲ್ಲ. ಹನಫೀ ಫಿಕ್ಹ್‌ನಲ್ಲಿ ಗಂಡ ಕಾಣೆಯಾದ ಹೆಣ್ಣಿಗೆ ಬಿಡುಗಡೆ ಬಹಳ ಕಷ್ಟ. ಆ ಸಂಕಟಕ್ಕೆ ಪಂಜಾಬಿನ ಕೆಲವು ಮಹಿಳೆಯರು ಧರ್ಮವನ್ನೇ ಬಿಡುವಂತಾದಾಗ ಮೌಲಾನಾ ಅಶ್ರಫ್ ಅಲೀ ಥಾನವಿಯವರು ಮಾಲಿಕೀ ಮದ್‌ಹಬಿನ ಅಭಿಪ್ರಾಯ ತೆಗೆದುಕೊಂಡು ದಾರಿ ತೋರಿಸಿದರು. ಅದರ ಬೆನ್ನಿಗೇ ಈ ಕಾಯ್ದೆ ಬಂತು. ಗಂಡ ಎಲ್ಲಿದ್ದಾನೆಂದು ನಾಲ್ಕು ವರ್ಷ ಗೊತ್ತಾಗದಿದ್ದರೆ ಪತ್ನಿ ನ್ಯಾಯಾಲಯದಿಂದ ವಿಚ್ಛೇದನ ಕೇಳಬಹುದು. ತೀರ್ಪಿನ ನಂತರ ಆರು ತಿಂಗಳು ಕಾಯಬೇಕು. ಅಷ್ಟರಲ್ಲಿ ಆತ ಬಂದು ಸಂಸಾರ ಮಾಡಲು ಸಿದ್ಧನಿದ್ದೇನೆಂದು ನ್ಯಾಯಾಲಯಕ್ಕೆ ಮನವರಿಕೆ ಮಾಡಿಕೊಟ್ಟರೆ ತೀರ್ಪು ರದ್ದಾಗುತ್ತದೆ. ಎರಡು ವರ್ಷ ಜೀವನಾಂಶ ಕೊಡದಿದ್ದರೂ ಪ್ರತ್ಯೇಕವಾಗಿ ಅದೇ ಒಂದು ಕಾರಣ.

"ವಕೀಲರ ಫೀಸು?" ಎಂದರು ತಾಯಿ. 1987ರ ಕಾನೂನು ಸೇವೆಗಳ ಕಾಯ್ದೆಯಂತೆ ಮಹಿಳೆಗೆ ಆದಾಯ ಎಷ್ಟೇ ಇರಲಿ, ಉಚಿತವಾಗಿ ವಕೀಲರ ನೆರವು ಪಡೆಯುವ ಹಕ್ಕಿದೆ. ಸಿದ್ದಯ್ಯ ರಸ್ತೆಯ 'ನ್ಯಾಯ ದೇಗುಲ' ಕಟ್ಟಡದಲ್ಲೇ ಕೌಟುಂಬಿಕ ನ್ಯಾಯಾಲಯ ಇದೆ, ರಾಜ್ಯ ಕಾನೂನು ಸೇವಾ ಪ್ರಾಧಿಕಾರದ ಕಚೇರಿಯೂ ಅಲ್ಲೇ. ಇಲ್ಲಿಂದ ಒಂದು ಆಟೋ ದೂರ. ಮಹಿಳಾ ವಕೀಲರೇ ಬೇಕೆಂದು ಅರ್ಜಿ ಕೊಡುವಾಗಲೇ ಕೇಳಿ ಎಂದೆ.

ಚಹಾ ಆರಿಹೋಗಿತ್ತು. ತಾಯಿ ಪರ್ಸಿನಿಂದ ಯಾವುದೋ ಅಂಗಡಿಯ ಹಳೆಯ ಬಿಲ್ಲು ತೆಗೆದು ಮಗಳ ಕೈಗಿಟ್ಟರು. "ಆಪಾ, ಆ ನಾಲ್ಕು ವರ್ಷದ್ದು ಇನ್ನೊಂದು ಸಾರಿ ನಿಧಾನಕ್ಕೆ ಹೇಳಿ. ಬೇಟಿ, ನೀನು ಸರಿಯಾಗಿ ಬರ್ಕೋ. ನಾಳೆ ಖಾಲಾಗೆ ನೀನೇ ಹೇಳಬೇಕು" ಎಂದರು.